ವಾರಾವಾರಾ ಬರೂ ಮಂದೀನ್ನ ಮೊದ್ಲ ಕೇಳ್ರಿ

ನಮಸ್ಕಾರ್ರಿ ಎಲ್ಲಾರಿಗೂ. ಬೆಳಗಾವಿಯಿಂದ ಮಾತಾಡಾಕತ್ತೀನಿ, ಆದ್ರ ಇವತ್ತಿನ ವಿಷಯ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ದು. ತಮ್ಮ ಹಳೇ ಮೈದಾನ ಓಲ್ಡ್ ಟ್ರಾಫರ್ಡ್ ಬಾಜೂಕ 1 ಲಕ್ಷ ಮಂದಿ ಹಿಡಿಯುವಂಥ ಹೊಸಾ ಸ್ಟೇಡಿಯಂ ಕಟ್ತೀವಿ ಅಂತ ಅಲ್ಲಿಯ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್‌ದವರು 2025ರ ಮಾರ್ಚ್‌ನಾಗ ಹೇಳಿದ್ರಲ್ಲ, ಅವತ್ತಿನಿಂದ ನನ್ನ ತಲ್ಯಾಗ ಒಂದು ಮಾತು ಕುಂತೈತಿ. ಅದನ್ನ ಇವತ್ತ ಪೂರ್ತಿ ಹೇಳಿಬಿಡ್ತೀನಿ.

ನಕ್ಷೆ ನೀವೂ ನೋಡಿರಬೇಕು. ಫಾಸ್ಟರ್ ಅಂಡ್ ಪಾರ್ಟ್‌ನರ್ಸ್ ಅನ್ನೂ ಹೆಸರಾಂತ ವಾಸ್ತುಶಿಲ್ಪ ಕಂಪನಿ ಮಾಡಿದ್ದು. 200 ಮೀಟರ್ ಎತ್ತರದ ಮೂರು ಕಂಬ, ಆ ಕಂಬಕ್ಕ ತೂಗಿಬಿಟ್ಟ ದೊಡ್ಡ ಡೇರೆಯಂಥ ಚಾವಣಿ. ಖರ್ಚು 2 ಬಿಲಿಯನ್ ಪೌಂಡ್, ಅಂದ್ರ ನಮ್ಮ ಲೆಕ್ಕದಾಗ 22,000 ಕೋಟಿ ರೂಪಾಯಿ ಆಸುಪಾಸು. ಐದು ವರ್ಷದಾಗ ಮುಗಸ್ತೀವಿ ಅಂದ್ರು. ನಮ್ಮ ಹುಡುಗೂರ ವಾಟ್ಸಾಪ್ ಗ್ರೂಪಿನ್ಯಾಗ ಆ ಫೋಟೋ ಬಂದಿದ್ದೇ ತಡ, "ಮಸ್ತ್ ಐತಿ", "ಕೆಡವ್ರಿ ಆ ಹಳೇದನ್ನ", "ಲಗೂನ ಕಟ್ರಿ" ಅಂತ ಸುರಿಮಳಿ. ಅವರ ಮ್ಯಾಲೆ ನನಗ ಸಿಟ್ಟಿಲ್ಲ. ರಾತ್ರಿ ಒಂದೂವರಿಗೆ ಶುರು ಆಗೂ ಮ್ಯಾಚ್ ನೋಡಿ, ಬೆಳಿಗ್ಗೆ ಉದ್ಯಮಬಾಗದ ಫ್ಯಾಕ್ಟರಿಗೆ ಡ್ಯೂಟಿಗೆ ಹೋಗೂ ಹುಡುಗೂರು ಅವರು. ಅವರ ಪ್ರೀತಿ ಖರೇನ ಐತಿ. ಆದ್ರ "ಕೆಡವ್ರಿ" ಅನ್ನೂ ಮಾತು ನಮ್ಮ ಬಾಯಾಗ ಬರಬಾರದು. ಅದನ್ನ ಹೇಳೂ ಹಕ್ಕು, ಬ್ಯಾಡ ಅನ್ನೂ ಹಕ್ಕು, ಮೊದ್ಲ ಇರೂದು ಮಳಿ ಚಳಿ ಅನ್ನದ ವಾರಾವಾರಾ ಆ ಗೇಟಿನಾಗ ಒಳಗ ಹೋಗೂ ಮಂದಿಗೆ.

ಅಲ್ಲಿ ಮಂದಿ ಏನು ಹೊಸಾದು ಬ್ಯಾಡ ಅಂತ ಹಟ ಹಿಡದು ಕುಂತಿಲ್ಲ. ಓಲ್ಡ್ ಟ್ರಾಫರ್ಡ್ ಶುರು ಆಗಿದ್ದು 1910ರಾಗ. ಎರಡನೇ ಮಹಾಯುದ್ಧದಾಗ, 1941ರ ಮಾರ್ಚ್‌ನಾಗ ಜರ್ಮನಿಯ ಬಾಂಬ್ ಬಿದ್ದು ಹಾಳಾತು. 1949ರತನಕ ಯುನೈಟೆಡ್ ತನ್ನ ಎದುರಾಳಿ ಮ್ಯಾಂಚೆಸ್ಟರ್ ಸಿಟಿಯ ಮೇನ್ ರೋಡ್ ಮೈದಾನದಾಗ ಆಡಬೇಕಾತು. ತಿರುಗಿ ಕಟ್ಟಿದ ಮ್ಯಾಲೆ ಒಂದೊಂದ ಸ್ಟ್ಯಾಂಡ್ ಬೆಳಸಿಕೋತ ಬಂದು ಈಗ 74,000 ಮಂದಿ ಹಿಡಿತೈತಿ. ಆದ್ರ ಸೋರತೈತಿ. 2024ರ ಮೇ ತಿಂಗಳಾಗ ಆರ್ಸೆನಲ್ ಜೋಡಿ ಮ್ಯಾಚ್ ಮುಗಿಯೂ ಹೊತ್ತಿಗೆ ಮಳಿ ಹೊಡದು, ಚಾವಣಿಯ ಮೂಲಿಯಿಂದ ನೀರು ಧೋ ಅಂತ ಧುಮುಕಿದ್ದು ಜಗತ್ತೆಲ್ಲಾ ನೋಡ್ತು. ಹಳೇದಾಗೈತಿ, ಏನರ ಮಾಡಬೇಕು ಅಂತ ಅಲ್ಲಿಯ ಅಭಿಮಾನಿಗಳೂ ಒಪ್ತಾರ.

ಅವರು ಕೇಳಿದ್ದು ಬ್ಯಾರೆ. ರೊಕ್ಕ ಯಾರು ಕೊಡ್ತೀರಿ? ಸಾಲಾ ಮಾಡಿದ್ರ ತೀರಸೂದು ಯಾರು? ಟಿಕೆಟ್ ದರ ಎಷ್ಟಕ್ಕ ಹೋಗ್ತೈತಿ? ಹಾಡು ಹಾಡಿ ಮೈದಾನ ಎಬ್ಬಸೂ ಮಂದೀನ್ನ ಎಲ್ಲೆ ಕುಂದರಸ್ತೀರಿ, ಗೋಲ್ ಹಿಂದಿನ ಜಾಗಾ ಅವರಿಗೇ ಉಳಿತೈತೋ, ಕಂಪನಿ ಸಾಹೇಬರ ಪಾಲಾಗ್ತೈತೋ? ಇನ್ನೊಂದು ಮಾತು ಗೋಡಿ ಮ್ಯಾಲಿನ ಗಡಿಯಾರದ್ದು. 1958ರ ಫೆಬ್ರುವರಿ 6ರಂದು ಮ್ಯೂನಿಕ್‌ನಾಗ ವಿಮಾನ ಬಿದ್ದು 23 ಮಂದಿ ಸತ್ರು. ಅದರಾಗ ಎಂಟು ಮಂದಿ ಯುನೈಟೆಡ್ ಆಟಗಾರರು. ಅವರ ನೆನಪಿಗೆ ಆ ಗಡಿಯಾರ ಹಾಕ್ಯಾರ. ಪ್ರತಿ ವರ್ಷ ಆ ದಿನ ಮಂದಿ ಬಂದು ಅಲ್ಲಿ ಕೂಡ್ತಾರ. ಗಡಿಯಾರ ಬಿಚ್ಚಿ ಹೊಸಾ ಗೋಡಿಗೆ ಹಾಕಬಹುದು. ಆದ್ರ ಅರವತ್ತು ವರ್ಷ ಮಂದಿ ಬಂದು ನಿಂತ ಆ ನೆಲಾ ಬಿಚ್ಚಾಕ ಬರೂದಿಲ್ಲ. ಅದಕ್ಕ ಈ ವಿಚಾರ ಮಾಡೂವಾಗ ಅವರು ಮೇಜಿನ ಮುಂದ ಇರಬೇಕು.

ಟಿಕೆಟ್ ವಿಷಯ ಜರಾ ಬಿಡಿಸಿ ಹೇಳ್ತೀನಿ, ಯಾಕಂದ್ರ ಎಲ್ಲಾದರ ಬೇರು ಅಲ್ಲೇ ಐತಿ. 2024ರ ನವೆಂಬರ್‌ನಾಗ, ಸೀಸನ್ ನಡಬರಕ ಇರೂವಾಗ, ಉಳದ ಮ್ಯಾಚ್‌ಗೋಳಿಗೆ ಸದಸ್ಯರಿಗೆ ಮಾರೂ ಟಿಕೆಟ್ ಎಲ್ಲಾ 66 ಪೌಂಡ್ ಅಂತ ಕ್ಲಬ್ ಹೇಳ್ತು. ಮಕ್ಕಳಿಗೆ ರಿಯಾಯಿತಿ ಇಲ್ಲ, ಮುದುಕರಿಗೂ ಇಲ್ಲ. ಅದಕ್ಕೂ ಮೊದ್ಲ ದೊಡ್ಡವರಿಗೆ 40 ಪೌಂಡ್‌ದಿಂದ, ಮಕ್ಕಳಿಗೆ 25 ಪೌಂಡ್‌ದಿಂದ ಶುರು ಇತ್ತು. ಈಗ ಲೆಕ್ಕಾ ಹಾಕ್ರಿ. ಅಪ್ಪ ಒಬ್ಬ, ಇಬ್ಬರು ಮಕ್ಕಳು. ಮೊದ್ಲ 90 ಪೌಂಡ್‌ದಾಗ ಒಳಗ ಹೋಗಬಹುದಿತ್ತು. ಹೊಸಾ ದರದಾಗ 198. ನಮ್ಮ ರೂಪಾಯಿಯಾಗ 21,000, ಒಂದ ಸಂಜಿಗೆ! ಅದೂ ಓಡಾಟದ ಖರ್ಚು, ಹೊಟ್ಟಿ ಖರ್ಚು ಬಿಟ್ಟು. ಡಿಸೆಂಬರ್ ತಿಂಗಳಾಗ ಮಂದಿ ಮೈದಾನದ ಹೊರಗ ನಿಂತು ಪ್ರತಿಭಟನೆ ಮಾಡಿದ್ರು. ಆ ಪ್ರತಿಭಟನೆ ಆಗಿ ನಾಲ್ಕ ತಿಂಗಳಾಗಿರಲಿಲ್ಲ, 2 ಬಿಲಿಯನ್‌ದ ನಕ್ಷೆ ಹೊರಗ ಬಂತು. ಈ ಸ್ಟೇಡಿಯಂನಾಗ ನನಗ ಜಾಗಾ ಐತೇನು ಅಂತ ಆ ಅಪ್ಪನ ಮನಸಿನ್ಯಾಗ ಬರೂದು ಸಹಜ ಐತಿ.

ಈಗ ನಮ್ಮ ಮಾತಿಗೆ ಬರ್ತೀನಿ. ಇದು ನಮಗ ಕೇಳಾಕ ಕಷ್ಟ ಆಗ್ತೈತಿ, ಆದ್ರ ಕೇಳ್ರಿ. ದೊಡ್ಡ ಕ್ಲಬ್ಬಿಗೆ ಹೆಚ್ಚ ಲಾಭ ತರೂದು ಆ ಊರಿನ ಖಾಯಂ ಗಿರಾಕಿ ಅಲ್ಲ. ಅಂವ ಪ್ರತಿ ವಾರ ಬರ್ತಾನ, ತನ್ನ ಹಳೇ ಮಫ್ಲರ್ ಸುತ್ತಿಕೊಂಡು ಬರ್ತಾನ, ಮ್ಯಾಚ್ ನೋಡಿ ಮನಿಗೆ ಹೋಗ್ತಾನ. ನಾನೋ ನೀವೋ ಜೀವನದಾಗ ಒಂದ ಸಲ ಹೋದ್ವಿ ಅಂದ್ರ? ಎಷ್ಟ ದರ ಇದ್ರೂ ಕೊಡ್ತೀವಿ. ಅಂಗಡ್ಯಾಗ ಜರ್ಸಿ ತಗೋತೀವಿ, ತಮ್ಮಗ ಒಂದು, ಅಕ್ಕನ ಮಗಗ ಒಂದು. ಸ್ಟೇಡಿಯಂ ತೋರಸೂ ಟೂರಿಗೆ ಬ್ಯಾರೆ ರೊಕ್ಕ ಕೊಡ್ತೀವಿ. ಊಟಾ ಸೇರಿಸಿ ಮಾರೂ ದುಬಾರಿ ಸೀಟು ಇದ್ರ ಅದಕ್ಕೂ ಕೈ ಹಾಕ್ತೀವಿ. ಹಂಗಾಗಿ ಕ್ಲಬ್ಬಿನ ಲೆಕ್ಕದ ಪುಸ್ತಕದಾಗ ಒಂದ ಸಲ ಬರೂ ನಾವು, ನಲವತ್ತು ವರ್ಷ ಬಂದ ಆ ಮುದುಕನಕಿಂತ ಹೆಚ್ಚಿನವರು. ಹೊಸಾ ಸ್ಟೇಡಿಯಂಗೆ ತಗೊಂಡ ಸಾಲಾ ತೀರಸಬೇಕಂದ್ರ ಇಂಥಾ ಸೀಟು ಜಾಸ್ತಿ ಬೇಕಾಗ್ತಾವ. ಅವು ಬೆಳದಷ್ಟೂ ಅಗ್ಗದ ಸೀಟು ಮ್ಯಾಲಕ್ಕ, ಮೂಲಿಗೆ ಸರೀತಾವ.

ದೂರದಿಂದ ಪ್ರೀತಿ ಮಾಡೂ ನಮ್ಮಂಥವರ ಹೆಸರಿನ್ಯಾಗನ, ಹತ್ತಿರದಿಂದ ಪ್ರೀತಿ ಮಾಡೂ ಮಂದೀನ್ನ ಹೊರಗ ಹಾಕೂ ಕೆಲಸ ನಡಿತೈತಿ. ಇದು ನನಗ ಸಂಕಟ ಆಗೂ ವಿಷಯ. ನಾವು ಟಿವ್ಯಾಗ ಕೇಳಿ ಮೈ ಝುಂ ಅನಸ್ಕೋತೀವಲ್ಲ, ಆ ಹಾಡು, ಆ ಕೂಗು, ಅದನ್ನ ಮಾಡೂದು ಆ ಮಂದಿ. ಅವರು ಹೋದ್ರ ಉಳಿಯೂದು 1 ಲಕ್ಷ ಮೊಬೈಲು.

ಲಂಡನ್ ಊರಿನ ವೆಸ್ಟ್ ಹ್ಯಾಮ್ ಕಥಿ ನೋಡ್ರಿ. 1904ರಿಂದ ಅಪ್ಟನ್ ಪಾರ್ಕ್‌ನಾಗ ಆಡಿದ ಕ್ಲಬ್ಬು. 2016ರಾಗ ಅದನ್ನ ಬಿಟ್ಟು 2012ರ ಒಲಿಂಪಿಕ್ಸ್‌ಗೆ ಕಟ್ಟಿದ ದೊಡ್ಡ ಸ್ಟೇಡಿಯಂಗೆ ಹೋತು. ಹಳೇ ಮೈದಾನದ ಜಾಗಾದಾಗ ಈಗ ಅಪಾರ್ಟ್‌ಮೆಂಟ್. ಖರೇ ಹೇಳಬೇಕಂದ್ರ ಅಲ್ಲಿ ಅಗ್ಗದ ಸೀಸನ್ ಟಿಕೆಟ್ ಇಟ್ಟಿದ್ರು, ಅದರಾಗ ತಪ್ಪ ಹುಡುಕಾಕ ಬರೂದಿಲ್ಲ. ಆದ್ರ ಸ್ಟೇಡಿಯಂ ಓಟದ ಪಂದ್ಯಕ್ಕ ಕಟ್ಟಿದ್ದು. ಮೈದಾನಕ್ಕೂ ಮಂದಿಗೂ ನಡುವ ದೊಡ್ಡ ಅಂತರ. ಮೊದ್ಲ ಆಟಗಾರನ ಉಸಿರು ಕೇಳಸ್ತಿತ್ತು ಅನ್ನೂ ಮಂದಿಗೆ ಈಗ ಅವನ ಅಂಗಿ ನಂಬರ್ ಓದೂದು ಕಷ್ಟ. 2018ರ ಮಾರ್ಚ್‌ನಾಗ ಬರ್ನ್‌ಲಿ ಜೋಡಿ ಮ್ಯಾಚ್ ನಡದಾಗ ಸಿಟ್ಟು ತಡಿಲಾರದ ಮಂದಿ ಮೈದಾನಕ್ಕ ನುಗ್ಗಿದ್ರು. ನುಗ್ಗಿದ್ದು ತಪ್ಪು. ಸಿಟ್ಟು ಮಾತ್ರ ತಪ್ಪಲ್ಲ.

ಬೆಂಗಳೂರಿನ ಕಂಠೀರವ ನೋಡಿದವರಿಗೆ ಈ ಅಂತರ ಅಂದ್ರ ಏನು ಅಂತ ಹೇಳೂದು ಬ್ಯಾಡ. ಬೆಂಗಳೂರು ಎಫ್‌ಸಿ 2013ರಾಗ ಹುಟ್ಟಿ, ಮೊದಲ ಸೀಸನ್ನಿನ್ಯಾಗನ ಆಗಿನ ದೇಶದ ದೊಡ್ಡ ಲೀಗ್ ಆದ ಐ-ಲೀಗ್ ಗೆದ್ದಿದ್ದು ಅಶೋಕನಗರದ ಸಣ್ಣ ಫುಟ್‌ಬಾಲ್ ಸ್ಟೇಡಿಯಂನಾಗ ಆಡಿ. ಆಮ್ಯಾಲೆ ಕಂಠೀರವಕ್ಕ ಬಂತು. ನಡುವ ಓಟದ ಟ್ರ್ಯಾಕ್. ವೆಸ್ಟ್ ಬ್ಲಾಕ್ ಬ್ಲೂಸ್ ಅನ್ನೂ ಅಭಿಮಾನಿ ಗುಂಪಿನ ಹುಡುಗೂರು ಆ ಟ್ರ್ಯಾಕ್ ದಾಟಿ ಆಟಗಾರರಿಗೆ ಮುಟ್ಟೂ ಹಂಗ ಹಾಡಿ ಹಾಡಿ ತಮ್ಮ ಜಾಗಾ ತಾವ ಮಾಡಿಕೊಂಡ್ರು. ಇಲ್ಲಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಹೋಗಿ ಆ ಹಾಡಿನ್ಯಾಗ ಸೇರಿ ಬಂದ ಬೆಳಗಾವಿ ಹುಡುಗೂರೂ ಅದಾರ. ಟ್ರ್ಯಾಕ್ ತಗೀರಿ ಅಂತ ನಾನು ಹೇಳೂದಿಲ್ಲ. ಓಡೂ ಮಕ್ಕಳಿಗೆ ಅದು ಅವರ ಮನಿ. ಎರಡು ಆಟಕ್ಕ ಎರಡು ಜಾಗಾ ಕೊಡೂದು ಸರಕಾರದ ಕೆಲಸ.

ಇದಕ್ಕ ಉಲ್ಟಾ ಒಂದು ಉದಾಹರಣೆ ಐತಿ. ಅದನ್ನ ನೆನಸಿದಾಗೆಲ್ಲಾ ನನಗ ಖುಷಿ ಆಗ್ತೈತಿ. ಬರ್ಲಿನ್ ಊರಿನ ಯೂನಿಯನ್ ಬರ್ಲಿನ್ ಕ್ಲಬ್ಬು. 2008ರಾಗ ಅವರ ಸ್ಟೇಡಿಯಂ ಎಷ್ಟ ಹಾಳಾಗಿತ್ತಂದ್ರ ಲೀಗ್ ಆಡಾಕ ಪರವಾನಗಿ ಸಿಗೂದ ಕಷ್ಟ. ಕ್ಲಬ್ಬಿನ್ಯಾಗ ರೊಕ್ಕ ಇಲ್ಲ. ಆಗ ಅಭಿಮಾನಿಗಳು ಹೆಲ್ಮೆಟ್ ಹಾಕ್ಕೊಂಡು ಬಂದ್ರು. 2,000ಕ್ಕೂ ಹೆಚ್ಚ ಮಂದಿ, ರಜಾ ಹಾಕಿ, ಸಂಜಿ ಡ್ಯೂಟಿ ಬಿಟ್ಟ ಮ್ಯಾಲೆ ಬಂದು, ಎಲ್ಲಾ ಸೇರಿ 1,40,000 ತಾಸು ಕೆಲಸ ಮಾಡಿದ್ರು. ಕಾಂಕ್ರೀಟ್ ಸುರವಿದ್ರು, ಕಬ್ಬಿಣ ಹೊತ್ರು, ಕಂಬಿ ಬೆಸಿದ್ರು. 2009ರಾಗ ಸ್ಟೇಡಿಯಂ ತಯಾರಾತು. 22,000 ಮಂದಿ ಹಿಡಿತೈತಿ, ಅದರಾಗ 18,000 ಜಾಗಾ ನಿಂತು ನೋಡೂವಂಥಾದ್ದು. ಯಾಕಂದ್ರ ಕಟ್ಟಿದವರಿಗೆ ನಿಂತು ನೋಡೂದ ಬೇಕಾಗಿತ್ತು! ಎರಡು ವರ್ಷದ ಮ್ಯಾಲೆ ಸ್ಟೇಡಿಯಂದ ಶೇರ್ ತಗದು, ಒಂದಕ್ಕ 500 ಯೂರೋದಂಗ ಅಭಿಮಾನಿಗಳಿಗೇ ಮಾರಿದ್ರು. ಆಮ್ಯಾಲೆ ಅದೇ ಕ್ಲಬ್ 2019ರಾಗ ಜರ್ಮನಿಯ ಎಲ್ಲಾಕಿಂತ ದೊಡ್ಡ ಲೀಗ್ ಬುಂಡೆಸ್‌ಲೀಗಾಕ್ಕ ಏರಿತು, 2023ರಾಗ ಯುರೋಪಿನ ದೊಡ್ಡ ಕ್ಲಬ್ಬುಗಳು ಆಡೂ ಚಾಂಪಿಯನ್ಸ್ ಲೀಗ್ ಆಡ್ತು. ಕ್ಲಬ್ ಬೆಳೀಲಿಕ್ಕೆ ಅಭಿಮಾನಿಗಳು ಅಡ್ಡಿ ಅನ್ನೂವರಿಗೆ ಇದಕಿಂತ ಬ್ಯಾರೆ ಉತ್ತರ ಬೇಕಾಗಿಲ್ಲ.

ಎಲ್ಲಾ ಊರಾಗೂ ಹಿಂಗ ಕಟ್ಟಾಕ ಆಗೂದಿಲ್ಲ, 1 ಲಕ್ಷದ ಸ್ಟೇಡಿಯಂ ಅಂತೂ ಆಗೂದೇ ಇಲ್ಲ. ಬರ್ಲಿನ್ ಮಂದಿ ಸಿಮೆಂಟ್ ಕಲಸಿದ್ದಕಿಂತ ನನಗ ದೊಡ್ಡದು ಕಾಣೂದು ಬ್ಯಾರೆ: ಸ್ಟೇಡಿಯಂ ಹ್ಯಾಂಗ ಇರಬೇಕು ಅಂತ ನಿರ್ಧಾರ ಮಾಡೂವಾಗ ಅವರು ಒಳಗ ಇದ್ರು.

ಈಗ ನಮ್ಮೂರು. ಬೆಳಗಾವ್ಯಾಗ ಫುಟ್‌ಬಾಲ್ ಹೊರಗಿಂದ ತಂದು ಹಚ್ಚಿದ ಆಟ ಅಲ್ಲ. ಮಿಲಿಟರಿ ಕ್ಯಾಂಪ್ ಇರೂ ಊರು, ಮರಾಠಾ ಲಘು ಪದಾತಿದಳದ ಊರು, ಚೋರ್ಲಾ ಘಟ್ಟಾ ಇಳದ್ರ ಗೋವಾ. ತಿಲಕವಾಡಿ ಲೇಲೆ ಮೈದಾನದಾಗ ಒಂದು ಸಂಜಿ ನಿಂತ್ರ ಸಾಕು, ಈ ಊರಿನ ಹುಡುಗೂರ ಕಾಲಾಗ ಏನೈತಿ ಅಂತ ತಿಳಿತೈತಿ. ಮ್ಯಾಂಚೆಸ್ಟರ್ ವಿಷಯದಾಗ ನಾವು ದೂರದವರು. ಇಲ್ಲೆ ನಾವ ವಾರಾವಾರಾ ಬರೂ ಮಂದಿ. ಅಲ್ಲಿಯವರು ಕೇಳೂ ಪ್ರಶ್ನೆ ಇಲ್ಲೆ ನಾವು ಕೇಳಬೇಕು.

ಯಾಕಂದ್ರ "ಮೈದಾನ ಅಭಿವೃದ್ಧಿ" ಅಂತ ಬೋರ್ಡ್ ಬಿದ್ದ ಮ್ಯಾಲೆ ಏನಾಗ್ತೈತಿ ಅಂತ ಊರೂರಾಗ ನೋಡೀವಿ. ಮೊದ್ಲ ಕಂಪೌಂಡ್, ಆಮ್ಯಾಲೆ ಗೇಟು, ಗೇಟಿಗೆ ಕೀಲಿ. ಸುತ್ತ ವಾಕಿಂಗ್ ಪಾಥ್, ಒಂದ ಮೂಲ್ಯಾಗ ವ್ಯಾಯಾಮದ ಸಾಮಾನು, ಇನ್ನೊಂದ ಮೂಲ್ಯಾಗ ವೇದಿಕೆ. ವಾಕಿಂಗ್ ಮಾಡೂ ಹಿರಿಯರಿಗೆ ಜಾಗಾ ಬೇಕು, ನನ್ನ ತಕರಾರಿಲ್ಲ. ಆದ್ರ ದೊಡ್ಡ ಪಂದ್ಯಕ್ಕ 105 ಮೀಟರ್ ಉದ್ದ, 68 ಮೀಟರ್ ಅಗಲ ಮೈದಾನ ಬೇಕು. ನಾಲ್ಕೂ ಕಡಿಯಿಂದ ಪಾಥ್ ತಿಂದು ಒಳಗ ಉಳದ ಜಾಗಾದಾಗ ಎಷ್ಟ ಮಂದಿ ಆಡಾಕ ಬರ್ತೈತಿ ಅಂತ ನಕ್ಷೆ ಮಾಡಿದವರು ಟೇಪ್ ಹಿಡದು ಅಳದಾರೇನು? ಅಷ್ಟೊತ್ತಿಗೆ ಬಾಜೂಕ ಖಾಸಗಿ ಟರ್ಫ್, ಅಂದ್ರ ಕೃತಕ ಹುಲ್ಲಿನ ಬಾಡಿಗಿ ಮೈದಾನ, ಎದ್ದಿರ್ತೈತಿ, ತಾಸಿಗೆ ಇಷ್ಟ ಅಂತ. ನೌಕರಿ ಇರೂ ಹುಡುಗೂರು ರೊಕ್ಕ ಕೂಡಿಸಿ ಆಡ್ತಾರ. ಗಲ್ಲಿ ಹುಡುಗ ಜಾಳಿಗಿ ಹೊರಗ ನಿಂತು ನೋಡ್ತಾನ. ಅವನ ಆಟ ಅಲ್ಲಿಗೆ ಮುಗೀತು.

ಸರಕಾರಿ ಮೈದಾನಕ್ಕ ಕೃತಕ ಹುಲ್ಲು ಹಾಕಸ್ತೀವಿ ಅಂದ್ರೂ ಕೇಳಬೇಕು. ಆ ಹುಲ್ಲು ಎಂಟ್ಹತ್ತು ವರ್ಷದಾಗ ಸವೀತೈತಿ, ಬ್ಯಾಸಗಿ ಬಿಸಲಾಗ ಕಾಲ ಇಡಾಕ ಆಗದಷ್ಟ ಸುಡತೈತಿ. ಸವದ ಮ್ಯಾಲೆ ಬದಲಸೂ ರೊಕ್ಕ ಯಾವ ಖಾತ್ಯಾಗ ಇಟ್ಟೀರಿ? ಬೆಳಗಾವಿ ಮಳಿ ನಿಮಗೂ ಗೊತ್ತು. ಜೂನ್‌ನಾಗ ಹಿಡದ್ರ ತಿಂಗಳಗಟ್ಟಲೆ ಬಿಡೂದಿಲ್ಲ. ಇಂಥಾ ಊರಾಗ ಮೈದಾನಕ್ಕ ಗ್ಯಾಲರಿಕಿಂತ ಮೊದ್ಲ ಬೇಕಾಗಿದ್ದು ನೆಲದ ಕೆಳಗ ನೀರು ಹರದು ಹೋಗೂ ವ್ಯವಸ್ಥೆ. ಗ್ಯಾಲರಿ ಫೋಟೋದಾಗ ಕಾಣಸ್ತೈತಿ, ಕೆಳಗಿನ ಪೈಪು ಕಾಣಸೂದಿಲ್ಲ, ಅದಕ್ಕ ಅದು ಅಂದಾಜುಪಟ್ಟಿಯಾಗ ಕಡೀಕ ಬರ್ತೈತಿ. ಹೆಣ್ಣುಮಕ್ಕಳಿಗೆ ಬಟ್ಟಿ ಬದಲಸೂ ಖೋಲಿ, ನೀರಿರೂ ಸಂಡಾಸು ಇವಕ್ಕೂ ಅದೇ ಗತಿ. ದಿನಾ ಆಡೂ ಒಂದ ಹುಡುಗೀನ್ನ ಕೇಳಿದ್ರ ಮೊದಲ ಸಾಲಿನ್ಯಾಗ ಹೇಳತಾಳ ಅದನ್ನ.

ನಾನು ಕೇಳೂದು ದೊಡ್ಡದೇನಲ್ಲ. ಯಾವ ಮೈದಾನದ ಕೆಲಸಾನ ಇರಲಿ, ಟೆಂಡರ್ ಕರಿಯೂಕಿಂತ ಮೊದ್ಲ ನಕ್ಷೆ ಆ ಮೈದಾನದ ಗೇಟಿಗೆ ಹಚ್ಚಬೇಕು, ಕನ್ನಡದಾಗ, ಮರಾಠ್ಯಾಗ, ಉರ್ದೂದಾಗ. ಒಂದು ಸಂಜಿ ಎಂಜಿನಿಯರ್ ಸಾಹೇಬರು ಅಲ್ಲೇ ಬಂದು ನಿಂತು, ಆಡೂ ಮಂದಿ ಹೇಳಿದ್ದನ್ನ ಬರಕೋಬೇಕು. ಕೆಲಸಾ ಮುಗದ ಮ್ಯಾಲೆ ಕೀಲಿ ಯಾರ ಕೈಯಾಗ, ದಿನಾ ಎಷ್ಟ ತಾಸು ರೊಕ್ಕ ಇಲ್ಲದ ಆಡಬಹುದು, ಲಗ್ನಕ್ಕ ಸಭಾಕ್ಕ ಕೊಟ್ರ ಆಮ್ಯಾಲೆ ಗುಂಡಿ ಮುಚ್ಚೂವರು ಯಾರು, ಇವನ್ನ ಕಾಗದದ ಮ್ಯಾಲೆ ಬರದು ಕೊಡಬೇಕು.

ನೀವು ಯಾವ ಮೈದಾನದಾಗ ಆಡ್ತೀರಿ, ಅದರ ಕೀಲಿ ಯಾರ ಹತ್ತರ ಐತಿ, ತಾಸಿಗೆ ರೊಕ್ಕ ಕೊಡ್ತೀರೋ ಇಲ್ಲೋ, ಮಳಿಗಾಲದಾಗ ಎಷ್ಟ ದಿನಾ ನೀರು ನಿಂದರತೈತಿ, ಕೆಳಗ ಬರೀರಿ. ಖಾನಾಪುರ, ಗೋಕಾಕ, ಚಿಕ್ಕೋಡಿ, ನಿಪ್ಪಾಣಿ ಕಡಿಯವರೂ ಬರೀರಿ. ಬಂದಿದ್ದೆಲ್ಲಾ ಒಂದ ಪಟ್ಟಿ ಮಾಡಿ ಕ್ರೀಡಾ ಇಲಾಖೆಗೆ, ಮಹಾನಗರ ಪಾಲಿಕೆಗೆ ನಾನ ತಗೊಂಡು ಹೋಗಿ ಕೊಡ್ತೀನಿ.