ಮುಂದಿನ ಚಕ್ರದ ಸವೆದ ಕೀಲು

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಯಲ್ಲಿ 2003ನೇ ಇಸವಿಯ ಒಂದು ಮಾರುತಿ 800 ಇದೆ. ಸಾಗರದ ಸುತ್ತಮುತ್ತಲಿನ ಮಣ್ಣು ರಸ್ತೆಗಳಲ್ಲೇ ಅದು ಹೆಚ್ಚು ಓಡಾಡಿದೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅದರಲ್ಲಿ ಒಂದು ಸದ್ದು ಶುರುವಾಯಿತು. ಸಣ್ಣ ಗುಂಡಿಗೆ ಚಕ್ರ ಇಳಿದರೆ ಸಾಕು, ಎಡಗಡೆಯಿಂದ ಟಕ್ ಅನ್ನುತ್ತಿತ್ತು. ನೆಟ್ಟಗಿನ ರಸ್ತೆಯಲ್ಲೂ ಸ್ಟೀರಿಂಗನ್ನು ಆಚೆ ಈಚೆ ತಿದ್ದುತ್ತಲೇ ಇರಬೇಕಿತ್ತು. ಮುಂದಿನ ಎಡ ಟೈರಿನ ಒಂದು ಅಂಚು ಮಾತ್ರ ಸವೆದು ನುಣ್ಣಗಾಗಿತ್ತು. ಈ ಮೂರೂ ಒಟ್ಟಿಗೆ ಕಂಡರೆ ಮೊದಲು ನೋಡಬೇಕಾದದ್ದು ಟೈ ರಾಡ್ ಎಂಡ್.

ಅದೇನು ಅಂತ ಸ್ವಲ್ಪ ಹೇಳುತ್ತೇನೆ. ನಾವು ಸ್ಟೀರಿಂಗ್ ತಿರುಗಿಸಿದಾಗ ಕೆಳಗೆ ಒಂದು ಸಣ್ಣ ಹಲ್ಲುಗಾಲಿ ತಿರುಗಿ, ಹಲ್ಲಿರುವ ಒಂದು ಸರಳನ್ನು ಎಡಕ್ಕೋ ಬಲಕ್ಕೋ ತಳ್ಳುತ್ತದೆ. ಅದು ರ‍್ಯಾಕ್. ರ‍್ಯಾಕಿನ ಎರಡೂ ತುದಿಗೆ ಒಂದೊಂದು ಟೈ ರಾಡ್. ಆ ರಾಡು ಚಕ್ರದ ಕಡೆ ಸೇರುವ ಜಾಗದಲ್ಲಿರುವ ಕೀಲೇ ಟೈ ರಾಡ್ ಎಂಡ್. ತೋಳಿನ ಮೂಳೆ ಭುಜದಲ್ಲಿ ಕೂತಿದೆಯಲ್ಲ, ಹಾಗೇ ಒಂದು ಉಕ್ಕಿನ ಗುಂಡು ಬಟ್ಟಲಿನೊಳಗೆ ಕೂತಿರುತ್ತದೆ. ಸುತ್ತ ಗ್ರೀಸು, ಅದರ ಮೇಲೆ ರಬ್ಬರ್ ಟೋಪಿ. ಆ ಟೋಪಿ ಹರಿಯಿತು ಅಂದರೆ ಕೀಲಿನ ಆಯುಷ್ಯ ಮುಗಿಯುತ್ತಾ ಬಂತು ಅಂತಲೇ ತಿಳಿಯಿರಿ. ಗ್ರೀಸು ಹೊರಗೆ ಹೋಗುತ್ತದೆ, ಕೆಸರು ನೀರು ಒಳಗೆ ಬರುತ್ತದೆ. ಆಮೇಲೆ ಮರಳಿನ ಕಣಗಳೇ ಗುಂಡನ್ನು ಅರೆಯುತ್ತವೆ. ಪೂರ್ತಿ ಸವೆದು ಗುಂಡು ಬಟ್ಟಲಿನಿಂದ ಕಳಚಿದರೆ ಆ ಚಕ್ರಕ್ಕೂ ಸ್ಟೀರಿಂಗಿಗೂ ಸಂಬಂಧವೇ ಇರುವುದಿಲ್ಲ. ಘಟ್ಟದ ತಿರುವಿನಲ್ಲಿ ಹೀಗಾದರೆ ಏನು ಗತಿ? ಆದರೆ ಈ ಕೀಲು ಸಾಮಾನ್ಯವಾಗಿ ತಿಂಗಳುಗಟ್ಟಲೆ ಸದ್ದು ಮಾಡಿಯೇ ಹೋಗುತ್ತದೆ. ಆ ಸದ್ದನ್ನು ಕೇಳಿಯೂ ಸುಮ್ನೆ ಇರಬೇಡಿ ಅಂತ ಕೇಳಿಕೊಳ್ಳಲಿಕ್ಕೇ ಇವತ್ತು ಮಾತಾಡುತ್ತಿದ್ದೇನೆ.

ಪರೀಕ್ಷೆ ಬಹಳ ಸುಲಭ. ಮುಂದಿನ ಚಕ್ರವನ್ನು ಜಾಕಿನಿಂದ ಎತ್ತಿ, ಗಾಡಿಯ ಅಡಿಗೆ ಭಾರ ಹೊರುವ ಸ್ಟ್ಯಾಂಡ್ ಕೊಡಿ. ಗಡಿಯಾರದ 3 ಮತ್ತು 9 ಇರುವ ಜಾಗದಲ್ಲಿ ಎರಡು ಕೈಯಿಂದ ಟೈರನ್ನು ಹಿಡಿದು ಅಲ್ಲಾಡಿಸಿ. ನಾನು ಅಲ್ಲಾಡಿಸಿದೆ, ಮಗಳು ಪಕ್ಕದಲ್ಲಿ ಕೂತು ಕೀಲಿನ ಮೇಲೆ ಬೆರಳಿಟ್ಟಿದ್ದಳು. "ಅಪ್ಪಾ, ಇಲ್ಲೇ ಕುಟುಕ್ತಾ ಇದೆ" ಅಂದಳು. ಕಣ್ಣಿಗೆ ಕಾಣದ ಸಡಿಲ ಬೆರಳಿಗೆ ಗೊತ್ತಾಗುತ್ತದೆ. ಒಂದು ವೇಳೆ 12 ಮತ್ತು 6ರ ಜಾಗದಲ್ಲಿ ಹಿಡಿದಾಗ ಅಲ್ಲಾಡಿದರೆ ತೊಂದರೆ ಬೇರೆ ಕಡೆ ಇದೆ. ವೀಲ್ ಬೇರಿಂಗನ್ನೋ ಕೆಳಗಿನ ಬಾಲ್ ಜಾಯಿಂಟನ್ನೋ ನೋಡಿಸಬೇಕು.

ಮಾರುತಿ 800 ಬಂದದ್ದು 1983ರ ಡಿಸೆಂಬರಿನಲ್ಲಿ, ತಯಾರಿಕೆ ನಿಂತದ್ದು 2014ರಲ್ಲಿ. ಮೂವತ್ತು ವರ್ಷ ಓಡಿದ ಗಾಡಿಯಾದ್ದರಿಂದ ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯ ತನಕ ಹೋಗಬೇಕಾಗಿಲ್ಲ, ತಾಲ್ಲೂಕಿನ ಅಂಗಡಿಯಲ್ಲೇ ಸಿಗುತ್ತದೆ. ನಾನು ಎರಡೂ ಕಡೆಗೆ ತಂದೆ. ಬಲಗಡೆಯದು ಇನ್ನೂ ಬಿಗಿಯಾಗಿತ್ತು, ಆದರೆ ರಬ್ಬರ್ ಬಿರುಕು ಬಿಟ್ಟಿತ್ತು. ಇಂಥ ಭಾಗಕ್ಕೆ ಅಗ್ಗದ ನಕಲಿ ಮಾಲು ಬೇಡವೇ ಬೇಡ.

ಇನ್ನು ಕೆಲಸ. ಗಟ್ಟಿ, ಸಮತಟ್ಟಾದ ನೆಲ ಬೇಕು. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಚಕ್ರದ ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲ ಮಾಡಿಕೊಳ್ಳಿ. ಎತ್ತಿದ ಮೇಲೆ ಸ್ಟ್ಯಾಂಡ್ ಕೊಡದೆ ಕೈ ಒಳಗೆ ಹಾಕಬೇಡಿ. ಜಾಕ್ ಇರುವುದು ಎತ್ತಲಿಕ್ಕೆ, ಹೊತ್ತು ನಿಲ್ಲಲಿಕ್ಕಲ್ಲ. ಬಿಚ್ಚಿದ ಚಕ್ರವನ್ನೂ ಗಾಡಿಯ ಅಡಿಗೆ ಮಲಗಿಸಿ ಇಡಿ. ಸ್ಟ್ಯಾಂಡ್ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ, ನಿಮ್ಮ ಮೇಲಲ್ಲ.

ಮೊದಲು ರಾಡಿನ ಮೇಲಿರುವ, ಕೀಲು ತಿರುಗದಂತೆ ಬಿಗಿ ಹಿಡಿಯುವ ಲಾಕ್ ನಟ್ಟನ್ನು ಕಾಲು ಸುತ್ತು ಮಾತ್ರ ಸಡಿಲಿಸಬೇಕು. ನಾನು ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿದ್ದೆ, ಆದರೂ ಅದಕ್ಕೇ ಅರ್ಧ ಗಂಟೆ ಹಿಡಿಯಿತು. ಆಮೇಲೆ ಕೀಲಿನ ನಟ್ಟು. ಕೋಟೆಯ ತೆನೆಗಳ ಹಾಗೆ ಅದರ ತುದಿಯಲ್ಲಿ ಸೀಳುಗಳಿರುತ್ತವೆ. ಆ ಸೀಳಿನ ಮೂಲಕ ಒಂದು ಸ್ಪ್ಲಿಟ್ ಪಿನ್ ಹೋಗಿ, ನಟ್ಟು ತಾನಾಗಿ ಬಿಚ್ಚಿಕೊಳ್ಳದ ಹಾಗೆ ತಡೆಯುತ್ತದೆ. ನಮ್ಮ ಗಾಡಿಯಲ್ಲಿ ಆ ಜಾಗದಲ್ಲಿ ಪಿನ್ ಇರಲಿಲ್ಲ. ಯಾರೋ ಹಿಂದೆ ಕೆಲಸ ಮಾಡಿದವರು ಒಂದು ತೆಳ್ಳನೆ ತಂತಿ ಸುತ್ತಿ ಬಿಟ್ಟಿದ್ದರು. ತುಕ್ಕು ಹಿಡಿದ ಆ ತಂತಿಯನ್ನು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ. ಅದೇ ತಂತಿಯ ಭರವಸೆಯ ಮೇಲೆ ನಾವೆಲ್ಲ ಹೊನ್ನಾವರದ ಘಟ್ಟ ಇಳಿದು ಹತ್ತಿ ಬಂದಿದ್ದೆವು.

ನಟ್ಟನ್ನು ಪೂರ್ತಿ ತೆಗೆಯದೆ ಎರಡು ಮೂರು ಸುತ್ತು ಉಳಿಸಿ. ಕೀಲಿನ ಕುತ್ತಿಗೆ ಬೆಣೆಯ ಹಾಗೆ ಚಕ್ರದ ತೋಳಿನೊಳಗೆ ಕಚ್ಚಿಕೊಂಡಿರುತ್ತದೆ. ಅದನ್ನು ಒತ್ತಿ ಬಿಡಿಸುವ ಪುಲ್ಲರ್ ಅನ್ನುವ ಸಲಕರಣೆ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಆ ತೋಳಿನ ಪಕ್ಕಕ್ಕೆ, ಬೆಣೆ ಕೂತ ತೂತಿನ ಬಳಿಯೇ, ಸುತ್ತಿಗೆಯಿಂದ ಗಟ್ಟಿಯಾಗಿ ಎರಡು ಏಟು. ಆ ಕಡೆ ಇನ್ನೊಂದು ಸುತ್ತಿಗೆಯ ಆಸರೆ ಇರಲಿ. ನಟ್ಟು ಕೂರುವ ತಿರುಪಿನ ಗೆರೆಗಳ ಮೇಲೆ ಮಾತ್ರ ಹೊಡೆಯಬೇಡಿ. ಟಪ್ ಅಂತ ಬಿಟ್ಟುಕೊಂಡಾಗ ಉಳಿಸಿದ ನಟ್ಟು ಅದನ್ನು ಹಿಡಿದುಕೊಳ್ಳುತ್ತದೆ.

ಈಗ ನಟ್ಟು ತೆಗೆದು, ಕೀಲನ್ನು ತೋಳಿನಿಂದ ಬಿಡಿಸಿ. ಹಳೆಯ ಕೀಲನ್ನು ರಾಡಿನಿಂದ ತಿರುಗಿಸುವಾಗ ಸುತ್ತು ಎಣಿಸಬೇಕು. ಬಾಯಿ ಬಿಟ್ಟೇ ಎಣಿಸಿ. ಮಗಳು ಎಣಿಸುತ್ತಾ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಳು. ಹೊಸದನ್ನು ಅಷ್ಟೇ ಸುತ್ತು ಒಳಗೆ ತಿರುಗಿಸಬೇಕು. ಒಂದು ಸುತ್ತು ತಪ್ಪಿದರೆ ಅಲ್ಲಿ ಒಂದು ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ, ಟೈರಿನ ಅಂಚಿನಲ್ಲಿ ಅದು ಇನ್ನೂ ಹೆಚ್ಚಾಗುತ್ತದೆ.

ಹೊಸ ಕೀಲನ್ನು ತೋಳಿನೊಳಗೆ ಕೂರಿಸಿ, ಹೊಸ ನಟ್ಟನ್ನು ಬಿಗಿ ಮಾಡಿದ ಮೇಲೆ ಪಿನ್ನಿನ ತೂತಿಗೂ ಸೀಳಿಗೂ ಸರಿಹೊಂದದೆ ಇರಬಹುದು. ಆಗ ಇನ್ನೂ ಸ್ವಲ್ಪ ಬಿಗಿ ಮಾಡಿ ಹೊಂದಿಸಿ. ಸಡಿಲ ಮಾಡಿ ಹೊಂದಿಸಬೇಡಿ. ಪಿನ್ ಹೊಸದೇ ಇರಲಿ, ಹಳೆಯದನ್ನು ನೆಟ್ಟಗೆ ಮಾಡಿ ಹಾಕಬಾರದು. ಅದರ ಎರಡು ಕಾಲನ್ನೂ ಮಡಚಿ. ಲಾಕ್ ನಟ್ಟನ್ನೂ ಮರೆಯದೆ ಬಿಗಿ ಮಾಡಿ.

ಎಷ್ಟೇ ಸರಿಯಾಗಿ ಎಣಿಸಿದ್ದರೂ ವೀಲ್ ಅಲೈನ್‌ಮೆಂಟ್, ಅಂದರೆ ಚಕ್ರಗಳ ದಿಕ್ಕನ್ನು ಅಳೆದು ಸರಿಪಡಿಸುವ ಕೆಲಸ, ಮಾಡಿಸಲೇಬೇಕು. ಅಲ್ಲಿಯ ತನಕ ನಿಧಾನವಾಗಿ ಓಡಿಸಿಕೊಂಡು ಹೋಗಿ. ಅಲೈನ್‌ಮೆಂಟ್ ಅಂಗಡಿಯವರು ಎಡಗಡೆಯದನ್ನು ಅರ್ಧ ಸುತ್ತು ತಿರುಗಿಸಿದರು. ಹೊಸ ಕೀಲಿನ ಉದ್ದ ಕೂದಲೆಳೆಯಷ್ಟು ಬೇರೆ ಇದ್ದರೂ ಇಷ್ಟು ಆಗುತ್ತದಂತೆ. ಅಂಚು ಸವೆದ ಟೈರನ್ನು ತೆಗೆಸಿ ಬೇರೆ ಹಾಕಿಸಿದೆ.

ಒಂದು ವಾರ ಕಳೆದ ಮೇಲೆ ಟಾರ್ಚ್ ಹಿಡಿದು ನಾವಿಬ್ಬರೂ ಮತ್ತೆ ಬಗ್ಗಿ ನೋಡಿದೆವು. ಪಿನ್ನಿನ ಕಾಲುಗಳು ಮಡಚಿದ ಹಾಗೇ ಇದ್ದವು. ರಬ್ಬರ್ ಟೋಪಿಯ ಸುತ್ತ ಒಂದು ತೊಟ್ಟು ಗ್ರೀಸೂ ಹೊರಗೆ ಬಂದಿರಲಿಲ್ಲ.

ನಮಸ್ಕಾರ.