ಕುರುಕ್ಷೇತ್ರ ನೋಡಿದವರಿಗೆ ಫಾಸ್ಟಸ್ ಕಷ್ಟವಲ್ಲ

ಕೇಳುಗರಿಗೆ ನಮಸ್ಕಾರ.

ಮೈಸೂರು, ಮಂಡ್ಯ ಕಡೆ ದೂರ ಶಿಕ್ಷಣದಲ್ಲಿ ಇಂಗ್ಲಿಷ್ ಎಂ.ಎ. ಕಟ್ಟುವವರು ಬಹಳ ಜನ. ಹೈಸ್ಕೂಲ್ ಮೇಷ್ಟ್ರುಗಳು, ಬ್ಯಾಂಕಿನವರು, ಮದುವೆಯಾದ ಮೇಲೆ ಓದು ನಿಂತುಹೋದ ಹೆಣ್ಣುಮಕ್ಕಳು, ಎಲ್ಲ ತರಹದವರೂ ಇರುತ್ತಾರೆ. ಇದು ನಮ್ಮೂರಿಗೆ ಹೊಸದೇನೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಶಿಕ್ಷಣ ಶುರು ಮಾಡಿತ್ತು. ಅದೇ ಬೆಳೆದು 1996ರಲ್ಲಿ ಮುಕ್ತಗಂಗೋತ್ರಿಯ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನಾನೂ ಹಗಲು ಶಾಲೆಯಲ್ಲಿ ಪಾಠ ಮಾಡಿ, ರಾತ್ರಿ ಕೂತು ಎಂ.ಎ. ಓದಿದವನು. ಈಗ ಸೇರಿದವರು ಆಗಾಗ ಬಂದು ಕೇಳುತ್ತಾರೆ: "ಸಾರ್, ಕವಿತೆ ಹೇಗೋ ಆಗುತ್ತೆ. ಕಾದಂಬರಿಗೆ ಕಥೆ ಅಂತ ಒಂದಿರುತ್ತೆ. ಈ ರೆನೈಸಾನ್ಸ್ ಡ್ರಾಮಾ ಮಾತ್ರ ತಲೆಗೆ ಹೋಗ್ತಿಲ್ಲ."

ರೆನೈಸಾನ್ಸ್ ಡ್ರಾಮಾ ಅಂದರೆ ಶೇಕ್ಸ್‌ಪಿಯರ್ ಮತ್ತು ಅವನ ಕಾಲದವರ ಇಂಗ್ಲಿಷ್ ನಾಟಕಗಳು. ಭಾಷೆ ಹಳೆಯದು, ನಿಜ. ಆದರೆ ಅದೇ ದೊಡ್ಡ ಅಡ್ಡಿ ಅಂತ ನನಗೆ ಅನ್ನಿಸುವುದಿಲ್ಲ. ನಾವು ಈ ನಾಟಕಗಳನ್ನು ಒಬ್ಬರೇ ಕೂತು, ಬಾಯಿ ಮುಚ್ಚಿಕೊಂಡು, ಕೈಯಲ್ಲಿ ಪೆನ್ಸಿಲ್ ಹಿಡಿದು ಓದುತ್ತೇವೆ. ತೊಂದರೆ ಅಲ್ಲಿದೆ. ಯಾಕೆಂದರೆ ಬರೆದವರು ಅವನ್ನು ಹಾಗೆ ಓದಲಿ ಅಂತ ಬರೆಯಲೇ ಇಲ್ಲ.

1576ರಲ್ಲಿ ಜೇಮ್ಸ್ ಬರ್ಬೇಜ್ ಎಂಬಾತ ಲಂಡನ್ ಗೋಡೆಯ ಆಚೆ, ಶೋರ್‌ಡಿಚ್ ಎಂಬ ಜಾಗದಲ್ಲಿ ಒಂದು ನಾಟಕಶಾಲೆ ಕಟ್ಟಿದ. ಅದರ ಹೆಸರೇ ದಿ ಥಿಯೇಟರ್. ಆಮೇಲೆ 1587ರಲ್ಲಿ ರೋಸ್ ಬಂತು, 1599ರಲ್ಲಿ ಗ್ಲೋಬ್ ಬಂತು. ಒಂದು ಪೆನ್ನಿ ಕೊಟ್ಟರೆ ಅಂಗಳದಲ್ಲಿ ನಿಂತು ನೋಡಬಹುದಿತ್ತು. ಆಟ ನಡೆಯುತ್ತಿದ್ದದ್ದು ಮಧ್ಯಾಹ್ನದ ಬಿಸಿಲಿನಲ್ಲಿ. ಲೈಟಿಲ್ಲ, ಸೀನರಿ ಇಲ್ಲ ಅನ್ನುವಷ್ಟು ಕಮ್ಮಿ. ಹೆಣ್ಣಿನ ಪಾತ್ರವೆಲ್ಲ ಹುಡುಗರದೇ. ರಾತ್ರಿಯಾಯಿತು ಅಂತ ಜನಕ್ಕೆ ಗೊತ್ತಾಗಬೇಕಾದರೆ ನಟ ಬಾಯಿಬಿಟ್ಟು ಹೇಳಬೇಕು. ಆ ಮಾತುಗಳ ಉದ್ದ ನೋಡಿ ಬೇಸರಪಡುವ ವಿದ್ಯಾರ್ಥಿಗಳು ಇದನ್ನು ನೆನಪಿಟ್ಟುಕೊಳ್ಳಬೇಕು. ಅಲ್ಲಿ ಮಾತೇ ದೀಪ, ಮಾತೇ ಪರದೆ.

ಈಗ ಮಂಡ್ಯ ಜಿಲ್ಲೆಯ ಯಾವುದಾದರೂ ಹಳ್ಳಿಗೆ ಬನ್ನಿ. ಊರ ಹಬ್ಬ ಕಳೆದ ಮೇಲೆ ಕುರುಕ್ಷೇತ್ರ ನಾಟಕ. ರಾತ್ರಿ ಶುರುವಾದರೆ ಬೆಳಗಿನ ಜಾವದ ತನಕ. ಸ್ಟೇಜಿನ ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದ ಡ್ರಾಮಾ ಮೇಷ್ಟ್ರು. ದುರ್ಯೋಧನ ಪಾರ್ಟು ಮಾಡುವವರು ಹಗಲು ಕಬ್ಬಿನ ಗದ್ದೆಯಲ್ಲಿರುತ್ತಾರೆ, ಇಲ್ಲವೇ ಪಂಚಾಯ್ತಿ ಮೆಂಬರಾಗಿರುತ್ತಾರೆ. ಕಂದ, ವೃತ್ತ ಏರುದನಿಯಲ್ಲಿ ಹಾಡಿದರೆ ಹಿಂದಿನ ಸಾಲಿನಿಂದ "ಒನ್ಸ್ ಮೋರ್" ಕೂಗು. ಸಾಯಬೇಕಾದವನು ಸಾಯುವುದನ್ನು ನಿಲ್ಲಿಸಿ ಇನ್ನೊಂದು ಸಲ ಹಾಡುತ್ತಾನೆ! ಓದುಬರಹ ಬಾರದ ಅಜ್ಜಿಯರೂ ಹಳಗನ್ನಡದ ಬಿಗುವಿರುವ ಆ ಮಾತುಗಳನ್ನು ಸಲೀಸಾಗಿ ಹಿಂಬಾಲಿಸುತ್ತಾರೆ. ಪ್ರತಿ ಪದದ ಅರ್ಥ ಅವರಿಗೆ ಗೊತ್ತಾ? ಇಲ್ಲ. ಯಾರು ಯಾರ ಮೇಲೆ ಯಾಕೆ ಸಿಟ್ಟಾಗಿದ್ದಾರೆ ಅನ್ನುವುದು ದನಿಯಲ್ಲೇ ಗೊತ್ತಾಗುತ್ತದೆ, ಅಷ್ಟು ಸಾಕು. ಇದನ್ನು ನೋಡಿ ಬೆಳೆದವರು ರೋಸ್ ಥಿಯೇಟರಿನ ಅಂಗಳದಲ್ಲಿ ಅರ್ಧ ನಿಂತ ಹಾಗೆಯೇ ಅಂತ ನನ್ನ ಲೆಕ್ಕ.

ಇನ್ನೂ ಹತ್ತಿರದ ಹೋಲಿಕೆಗಳಿವೆ. ಹಳ್ಳಿ ನಟರ ಕೈಯಲ್ಲಿ ಪೂರ್ತಿ ನಾಟಕದ ಪುಸ್ತಕ ಇರುವುದಿಲ್ಲ. ತಮ್ಮ ಮಾತು, ತಮ್ಮ ಹಾಡು ಮಾತ್ರ ಇಳಿಸಿಕೊಂಡ ಒಂದು ನೋಟ್‌ಬುಕ್ ಇರುತ್ತದೆ. ಲಂಡನ್ನಿನಲ್ಲೂ ಅಷ್ಟೇ. ನಟನಿಗೆ ತನ್ನ ಮಾತುಗಳು, ಅದಕ್ಕೆ ಮುಂಚೆ ಇನ್ನೊಬ್ಬ ಹೇಳುವ ಕೊನೆಯ ಎರಡು ಮೂರು ಪದ, ಇಷ್ಟು ಬರೆದ ಸುರುಳಿ ಸಿಗುತ್ತಿತ್ತು. ಎಡ್ವರ್ಡ್ ಆಲಿನ್ ಎಂಬ ದೊಡ್ಡ ನಟನ ಅಂಥ ಒಂದು ಸುರುಳಿ ಡಲಿಚ್ ಕಾಲೇಜಿನಲ್ಲಿ ಇಂದಿಗೂ ಉಳಿದಿದೆ. ನಮ್ಮಲ್ಲಿ ಕಿರೀಟ, ಗದೆ, ಸೀನರಿ ಬಾಡಿಗೆಗೆ ಕೊಡುವವರು ಸಾಮಾನಿನ ಪಟ್ಟಿ ಇಟ್ಟುಕೊಳ್ಳುತ್ತಾರಲ್ಲ, ರೋಸ್ ಮಾಲೀಕ ಫಿಲಿಪ್ ಹೆನ್ಸ್‌ಲೋನ ಲೆಕ್ಕಪತ್ರಗಳಲ್ಲೂ 1598ರ ಅಂಥದೊಂದು ಪಟ್ಟಿ ಇತ್ತು. ಅದರಲ್ಲಿ ನರಕದ ಬಾಯಿ ಒಂದು, ಫಾಸ್ಟಸ್ ನಾಟಕದ ಡ್ರ್ಯಾಗನ್ ಒಂದು, ಮಾಯವಾಗಲು ಹಾಕಿಕೊಳ್ಳುವ ನಿಲುವಂಗಿ ಒಂದು ಅಂತೆಲ್ಲ ಬರೆದಿದೆ. ಒಂದೇ ವ್ಯತ್ಯಾಸ. ಅಲ್ಲಿ ಕಂಪನಿಯ ಪಾಲುದಾರ ನಟರು ಲಾಭ ಹಂಚಿಕೊಳ್ಳುತ್ತಿದ್ದರು. ನಮ್ಮಲ್ಲಿ ಪಾರ್ಟು ಮಾಡುವವರೇ ಕೈಯಿಂದ ದುಡ್ಡು ಹಾಕಬೇಕು, ದುರ್ಯೋಧನನಿಗಾದರೆ ಜಾಸ್ತಿ.

ಸರಿ, ಪುಸ್ತಕಕ್ಕೆ ಬರೋಣ. ಮಾರ್ಲೋ ಬರೆದ ಡಾಕ್ಟರ್ ಫಾಸ್ಟಸ್ ನಾಟಕದ ಕೊನೆಯ ದೃಶ್ಯ ತೆಗೆಯಿರಿ. ಇಪ್ಪತ್ನಾಲ್ಕು ವರ್ಷದ ಸುಖಕ್ಕೆ ಫಾಸ್ಟಸ್ ತನ್ನ ಆತ್ಮವನ್ನು ಸೈತಾನ ಲೂಸಿಫರನಿಗೆ ರಕ್ತದಲ್ಲಿ ಬರೆದುಕೊಟ್ಟಿದ್ದಾನೆ. ಕರಾರು ಇವತ್ತು ಮಧ್ಯರಾತ್ರಿ ಮುಗಿಯುತ್ತದೆ. ಗಡಿಯಾರ ಹನ್ನೊಂದು ಹೊಡೆಯುತ್ತದೆ. ಅಲ್ಲಿಂದ ಅವನೊಬ್ಬನದೇ ಮಾತು, ಸುಮಾರು 60 ಸಾಲು. ಸುಮ್ನೆ ಕಣ್ಣಾಡಿಸಿದರೆ ಇದೊಂದು ಉದ್ದ ಪ್ಯಾರಾ ಅಷ್ಟೆ. ಬಾಯಿಬಿಟ್ಟು ಓದಿ ನೋಡಿ. ಮೊದಲ ಅರ್ಧ ಗಂಟೆಗೆ ಮಾರ್ಲೋ ಸುಮಾರು 30 ಸಾಲು ಕೊಡುತ್ತಾನೆ. ಆಗ ಅರ್ಧ ಗಂಟೆಯ ಬಡಿತ ಕೇಳುತ್ತದೆ. ಉಳಿದ ಅರ್ಧ ಗಂಟೆಗೆ ಸಿಗುವುದು 20 ಸಾಲಿನ ಆಸುಪಾಸು. ಫಾಸ್ಟಸ್‌ಗೆ ಗಡಿಯಾರ ಓಡುತ್ತಿದೆ, ನಿಮಗೂ ಉಸಿರು ಸಾಲದೆ ಬರುತ್ತದೆ. ಕವಿ ಎಲ್ಲೂ "ಸಮಯ ಬೇಗ ಹೋಯಿತು" ಅಂತ ವಿವರಿಸುತ್ತಾ ಕೂರುವುದಿಲ್ಲ. ಸಾಲನ್ನೇ ಕಮ್ಮಿ ಮಾಡಿಬಿಟ್ಟ.

ಆ ಮಾತಿನ ನಡುವೆ ಅವನು ಸೂರ್ಯನನ್ನು ಬೇಡಿಕೊಳ್ಳುತ್ತಾನೆ, ಮತ್ತೆ ಹುಟ್ಟಿ ಬಾ, ರಾತ್ರಿ ಆಗದ ಹಾಗೆ ಮಾಡು ಅಂತ. ನೋಡುತ್ತಿರುವ ಜನರ ತಲೆಯ ಮೇಲೆ ಮಧ್ಯಾಹ್ನದ ಸೂರ್ಯ ಇದ್ದಾನೆ ಅನ್ನುವುದನ್ನು ಮರೆಯಬೇಡಿ. ಇನ್ನೊಂದು ಸಾಲು ಲ್ಯಾಟಿನ್ನಿನಲ್ಲಿದೆ. ಇರುಳಿನ ಕುದುರೆಗಳೇ, ನಿಧಾನವಾಗಿ ಓಡಿ ಅಂತ ಅದರ ಅರ್ಥ. ಅಡಿಟಿಪ್ಪಣಿ ಅರ್ಥ ಕೊಟ್ಟು ಮುಗಿಸಬಹುದು. ಆದರೆ ಆ ಸಾಲು ಓವಿಡ್ ಕವಿಯ ಪ್ರೇಮಪದ್ಯಗಳಿಂದ ಬಂದದ್ದು. ಅಲ್ಲಿ ಪ್ರೇಮಿಯೊಬ್ಬ ನಲ್ಲೆಯ ಪಕ್ಕ ಮಲಗಿ, ಬೆಳಗಾಗದಿರಲಿ ಅಂತ ಹೇಳುವ ಮಾತು ಅದು. ಅದನ್ನು ನರಕದ ಬಾಗಿಲಲ್ಲಿ ನಿಂತವನ ಬಾಯಿಗೆ ಹಾಕುವ ಧೈರ್ಯ ನೋಡಿ. ಪಂಡಿತ ಫಾಸ್ಟಸ್‌ಗೆ ಸಾಯುವ ಹೊತ್ತಿನಲ್ಲೂ ನೆನಪಾಗುವುದು ಓದಿದ ಪುಸ್ತಕವೇ. ಪರೀಕ್ಷೆಯಲ್ಲಿ ಈ ಒಂದು ಮಾತನ್ನು ನೆಟ್ಟಗೆ ಬರೆದರೆ ಗೈಡಿನ ನಾಲ್ಕು ಪುಟಕ್ಕಿಂತ ಹೆಚ್ಚು ಬೆಲೆ ಅಂತ ನನ್ನ ನಂಬಿಕೆ.

ದೂರದಲ್ಲಿ ಕೂತು ಓದುವವರು ಎಚ್ಚರ ವಹಿಸಬೇಕಾದ ಸಂಗತಿ ಒಂದಿದೆ. ಫಾಸ್ಟಸ್ ನಾಟಕ ಎರಡು ಪಾಠಗಳಲ್ಲಿ, ಅಂದರೆ ಎರಡು ಬೇರೆ ಅಚ್ಚಿನ ರೂಪಗಳಲ್ಲಿ, ಸಿಗುತ್ತದೆ. 1604ರಲ್ಲಿ ಅಚ್ಚಾದದ್ದು ಎ ಪಾಠ, 1616ರದು ಬಿ ಪಾಠ. ಬಿ ಪಾಠದಲ್ಲಿ 600ಕ್ಕೂ ಹೆಚ್ಚು ಸಾಲು ಹೊಸದಾಗಿ ಸೇರಿವೆ. ಮಾರ್ಲೋ ಸತ್ತು ಎಷ್ಟೋ ವರ್ಷವಾದ ಮೇಲೆ, 1602ರಲ್ಲಿ, ನಾಟಕಕ್ಕೆ ಹೊಸ ಭಾಗ ಸೇರಿಸಿದ್ದಕ್ಕೆ ಇಬ್ಬರಿಗೆ 4 ಪೌಂಡ್ ಕೊಟ್ಟೆ ಅಂತ ಹೆನ್ಸ್‌ಲೋ ಬರೆದಿಟ್ಟಿದ್ದಾನೆ. ಎ ಪಾಠದಲ್ಲಿ ಆ ಕೊನೆಯ ಗಂಟೆ ಫಾಸ್ಟಸ್ ಒಬ್ಬನೇ. ಬಿ ಪಾಠದಲ್ಲಿ ಲೂಸಿಫರ್ ಮತ್ತು ಅವನ ಕಡೆಯವರು ಮೇಲೆ ನಿಂತು ತಮಾಷೆ ನೋಡುತ್ತಿರುತ್ತಾರೆ. ಎರಡೂ ಬೇರೆ ಬೇರೆ ನಾಟಕ ಅನ್ನುವಷ್ಟು ವ್ಯತ್ಯಾಸ. ಹಾಗಾಗಿ ನಿಮ್ಮ ಪಠ್ಯಸಾಮಗ್ರಿಯವರು ಯಾವ ಪಾಠ ಇಟ್ಟುಕೊಂಡು ಬರೆದಿದ್ದಾರೆ, ಸಂತೆಪೇಟೆಯಲ್ಲೋ ಆನ್‌ಲೈನಿನಲ್ಲೋ ನೀವು ಕೊಂಡದ್ದು ಯಾವುದು, ಮೊದಲು ಹೊಂದಿಸಿ ನೋಡಿ. ಇಲ್ಲದಿದ್ದರೆ ಅವರು ಚರ್ಚಿಸುವ ದೃಶ್ಯ ನಿಮ್ಮ ಪುಸ್ತಕದಲ್ಲಿ ಇರುವುದೇ ಇಲ್ಲ. ಕ್ಲಾಸಿನಲ್ಲಾದರೆ ಪಕ್ಕದವರ ಪುಸ್ತಕ ನೋಡಿ ತಿಳಿಯುತ್ತಿತ್ತು.

ಅಂದ ಹಾಗೆ, ಈ ಮಾರ್ಲೋಗೂ ಎಂ.ಎ. ಸುಲಭವಾಗಿ ಸಿಗಲಿಲ್ಲ. ಚಪ್ಪಲಿ ಹೊಲಿಯುವವರ ಮಗ. ಸ್ಕಾಲರ್‌ಶಿಪ್ಪಿನಲ್ಲಿ ಕೇಂಬ್ರಿಜ್ ಸೇರಿದ. ಹಾಜರಾತಿ ಅಷ್ಟಕ್ಕಷ್ಟೆ. 1587ರಲ್ಲಿ ವಿಶ್ವವಿದ್ಯಾಲಯ ಪದವಿ ಕೊಡಲು ಹಿಂದೆಮುಂದೆ ನೋಡಿತು. ಈತ ರಾಣಿಗೆ ಒಳ್ಳೆಯ ಸೇವೆ ಮಾಡಿದ್ದಾನೆ, ಪದವಿ ಕೊಡಿ ಅಂತ ರಾಣಿಯ ಮಂತ್ರಿಮಂಡಲಿಯೇ ಪತ್ರ ಬರೆಯಬೇಕಾಯಿತು. ಬೇಹುಗಾರಿಕೆ ಇರಬೇಕು ಅಂತ ಊಹೆ. ಅದೇ ಕಾಲದ ಇನ್ನೊಬ್ಬ ನಾಟಕಕಾರ ಬೆನ್ ಜಾನ್ಸನ್ ಕಥೆ ಇನ್ನೂ ಸ್ವಾರಸ್ಯ. ಮಲತಂದೆಯ ಜೊತೆ ಇಟ್ಟಿಗೆ ಕಟ್ಟುವ ಗಾರೆ ಕೆಲಸಕ್ಕೆ ಹೋದವನು, ಡಿಗ್ರಿಯೇ ಇಲ್ಲ. ಕೊನೆಗೆ 1619ರಲ್ಲಿ ಆಕ್ಸ್‌ಫರ್ಡ್ ಅವನಿಗೆ ಗೌರವ ಎಂ.ಎ. ಕೊಟ್ಟಿತು.

ಎಲ್ಲರೂ ಶೇಕ್ಸ್‌ಪಿಯರ್‌ಗೆ ಹೆದರುತ್ತಾರೆ. ನನ್ನ ಕೇಳಿದರೆ ನಿಜವಾಗಿ ಕಷ್ಟ ಕೊಡುವವನು ಈ ಜಾನ್ಸನ್. ಅವನ ಪಾತ್ರಗಳು ಅಂದಿನ ಲಂಡನ್ ಗಲ್ಲಿಯ ಆಡುಮಾತು, ವ್ಯಾಪಾರದ ಮಾತು, ರಸವಿದ್ಯೆಯ ಪರಿಭಾಷೆ ಎಲ್ಲ ಕಲಸಿ ಮಾತಾಡುತ್ತವೆ. ಆದರೂ 1610ರ ದಿ ಆಲ್ಕೆಮಿಸ್ಟ್ ನಾಟಕವನ್ನು ಬಿಡಬೇಡಿ. ಊರಿಗೆ ಪ್ಲೇಗ್ ಬಂದಿದೆ. ಯಜಮಾನ ಮನೆಯನ್ನು ಆಳಿನ ಕೈಗೆ ಬಿಟ್ಟು ಹಳ್ಳಿಗೆ ಓಡಿಹೋಗಿದ್ದಾನೆ. ಆ ಆಳು ಫೇಸ್, ರಸವಾದಿ ಅಂತ ಹೇಳಿಕೊಳ್ಳುವ ಸಟ್ಲ್, ಜೊತೆಗೆ ಡಾಲ್ ಎಂಬ ಹೆಣ್ಣು, ಮೂವರೂ ಸೇರಿ ಖಾಲಿ ಮನೆಯಲ್ಲಿ ಅಂಗಡಿ ತೆರೆಯುತ್ತಾರೆ. ಕಬ್ಬಿಣ, ತವರ ಎಲ್ಲ ಚಿನ್ನವಾಗುತ್ತದೆ ಅಂತ ಒಬ್ಬ ಶ್ರೀಮಂತನನ್ನು ನಂಬಿಸುತ್ತಾರೆ. ಹೊಗೆಸೊಪ್ಪಿನ ಅಂಗಡಿಯವನೊಬ್ಬ ಬಂದು, ಸ್ವಾಮಿ, ನನ್ನ ಅಂಗಡಿ ಬಾಗಿಲು ಯಾವ ಕಡೆ ಇಡಲಿ, ಶೆಲ್ಫು ಎಲ್ಲಿ ಇಡಲಿ ಅಂತ ಕೇಳುತ್ತಾನೆ! ವಾಸ್ತು ಕೇಳುವವರು ನಮ್ಮಲ್ಲಿ ಕಮ್ಮಿಯಾ? ಅಕ್ಕಿ ಕಾಳು ಎಳೆಯುವ ಚೊಂಬು, ಕೋಟಿಗಟ್ಟಲೆ ಬೆಲೆ ಅಂತ ರೈಸ್ ಪುಲ್ಲಿಂಗ್ ಹೆಸರಲ್ಲಿ ಪಂಗನಾಮ ಹಾಕಿದ ಸುದ್ದಿ ನಾವು ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ? ಮೋಸ ಮಾಡುವವರಿಗಿಂತ ಮೋಸ ಹೋಗುವವರ ಆಸೆಯ ಮೇಲೆ ಜಾನ್ಸನ್‌ಗೆ ಕಣ್ಣು. ನಾಟಕ ಹಿಡಿಸುವುದು ಅಲ್ಲೇ.

ಅದೇ ಕಾಲದ ವೆಬ್‌ಸ್ಟರನ ಡಚೆಸ್ ಆಫ್ ಮಾಲ್ಫಿ ನಾಟಕದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ವಿಧವೆ ಡಚೆಸ್ ತನ್ನ ಮನೆವಾರ್ತೆ ನೋಡುವವನನ್ನು ಗುಟ್ಟಾಗಿ ಮದುವೆಯಾಗುತ್ತಾಳೆ. ಅಣ್ಣತಮ್ಮಂದಿರು ಅವಳನ್ನು ಕೊಲ್ಲಿಸುತ್ತಾರೆ. ಮರ್ಯಾದೆ ಹತ್ಯೆಯ ಸುದ್ದಿ ಓದುವ ಊರಿನಲ್ಲಿ ಇದನ್ನು ಇಟಲಿಯ ಕಥೆ ಅಂತ ಪಕ್ಕಕ್ಕಿಡಲು ಆಗುವುದಿಲ್ಲ.

ಶೇಕ್ಸ್‌ಪಿಯರ್ ಬಗ್ಗೆ ನೆರವು ಎಲ್ಲೆಲ್ಲೂ ಸಿಗುತ್ತದೆ. ಮೈಸೂರಿನವರಿಗಂತೂ ಮನೆಯಲ್ಲೇ ಇದೆ. ಅರಮನೆಯ ಆಸ್ಥಾನ ಕವಿ ಬಸವಪ್ಪ ಶಾಸ್ತ್ರಿಗಳ ಹೆಸರಿನ ಶೂರಸೇನ ಚರಿತ್ರೆ ಒಥೆಲೋ ಆಧರಿಸಿದ್ದು. ಕುವೆಂಪು ಅವರ ರಕ್ತಾಕ್ಷಿ ಹ್ಯಾಮ್ಲೆಟ್‌ನಿಂದ, ಬಿರುಗಾಳಿ ದಿ ಟೆಂಪೆಸ್ಟ್‌ನಿಂದ ಬಂದವು. ಪಕ್ಕದಲ್ಲಿಟ್ಟು ಓದಿ. ಉತ್ತರ ಬರೆಯುವಾಗ ಮಾತ್ರ ರಕ್ತಾಕ್ಷಿಯ ಸನ್ನಿವೇಶ ಹ್ಯಾಮ್ಲೆಟ್ ಒಳಗೆ ನುಸುಳದಂತೆ ನೋಡಿಕೊಳ್ಳಿ.

ಓದುವ ಕ್ರಮದ ಬಗ್ಗೆ ಎರಡು ಮಾತು. ಗೈಡು ಮೊದಲು ಓದಬೇಡಿ. ಯಾರು ಏನು ಅಂದರು ಅನ್ನುವುದು ತಲೆಯಲ್ಲಿ ಕೂತರೆ ನಾಟಕ ನಿಮಗೆ ಕೇಳಿಸುವುದೇ ಇಲ್ಲ. ಫೋಲ್ಜರ್ ಗ್ರಂಥಾಲಯದವರು ಶೇಕ್ಸ್‌ಪಿಯರ್ ನಾಟಕಗಳನ್ನು ನೆಟ್‌ನಲ್ಲಿ ಪುಕ್ಕಟೆ ಇಟ್ಟಿದ್ದಾರೆ. ಮಾರ್ಲೋ, ಜಾನ್ಸನ್ ಗುಟೆನ್‌ಬರ್ಗ್ ವೆಬ್‌ಸೈಟಿನಲ್ಲಿ ಸಿಗುತ್ತಾರೆ. ಲಿಬ್ರಿವಾಕ್ಸ್ ಎಂಬ ವೆಬ್‌ಸೈಟಿನಲ್ಲಿ ಹಾಗೇ ಕೇಳಲೂಬಹುದು. ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಓಡಾಡುವವರು ಒಂದು ಅಂಕ ಕೇಳಿ ಮುಗಿಸಬಹುದು. ಮೈಸೂರಿನ ರಂಗಾಯಣ 1989ರಿಂದ ಇದೆ, ಬಿ.ವಿ. ಕಾರಂತರು ಕಟ್ಟಿದ್ದು. ಅಲ್ಲಿ ಯಾವ ನಾಟಕವಿದ್ದರೂ ಸರಿ, ಹೋಗಿ ನೋಡಿ. ನಟರು ಎಲ್ಲಿ ತಡೆದು ನಿಲ್ಲುತ್ತಾರೆ, ಎಲ್ಲಿ ಒಳಗೆ ಹೋಗುತ್ತಾರೆ ಅನ್ನುವುದನ್ನು ಗಮನಿಸಿದರೆ ಪುಟದ ಮೇಲಿನ ರಂಗಸೂಚನೆಗಳಿಗೆ ಜೀವ ಬರುತ್ತದೆ.

ಮೂರು ನಾಲ್ಕು ಜನ ಸಹಪಾಠಿಗಳ ನಂಬರ್ ಸಂಪರ್ಕ ತರಗತಿಯಲ್ಲೇ ಇಸಿದುಕೊಳ್ಳಿ. ಭಾನುವಾರ ಫೋನಿನಲ್ಲಿ ಗುಂಪು ಕರೆ ಮಾಡಿ, ಪಾರ್ಟು ಹಂಚಿಕೊಂಡು ಜೋರಾಗಿ ಓದಿ. ಉಚ್ಚಾರಣೆ ತಪ್ಪಾದರೆ ಆಗಲಿ. ಶೇಕ್ಸ್‌ಪಿಯರ್ ಕಾಲದ ಉಚ್ಚಾರಣೆ ಇಂದಿನ ಲಂಡನ್ನಿನವರದೂ ಅಲ್ಲವಲ್ಲ. ಆಲ್ಕೆಮಿಸ್ಟ್‌ನಿಂದ ಶುರು ಮಾಡುವುದಾದರೆ ಮನೆಯವರಿಗೆ ಒಂದು ಮಾತು ಮೊದಲೇ ಹೇಳಿಟ್ಟಿರಿ. ಆ ನಾಟಕ ತೆರೆಯುವುದೇ ಫೇಸ್, ಸಟ್ಲ್ ಇಬ್ಬರ ಜಗಳದಿಂದ, ಅದೂ ಅಸಹ್ಯ ಬೈಗುಳದ ಜಗಳ. ಯಾರಾದರೂ ಗಾಬರಿಯಿಂದ ಬಾಗಿಲು ತಟ್ಟಿದರೆ, ಇದು ಸಿಲಬಸ್ಸಿನಲ್ಲಿದೆ ಅಂತ ಪುಸ್ತಕ ತೋರಿಸಿ.

ನಮಸ್ಕಾರ.