ಕರೆಂಟ್ ಇಲ್ಲದ ಮೆಟಲ್: 52 ತಂತಿವಾದ್ಯ, ಒಂದು ತಂಬೂರಿ, ನಮ್ಮ ಅತ್ತೆ

[ಕ್ಯಾಮೆರಾ ಆನ್. ಹಿಂದೆ ಗೋಡೆಗೆ ಒರಗಿಸಿದ ತಂಬೂರಿ.]

ಎಲ್ಲರಿಗೂ ನಮಸ್ಕಾರ. ಹೋದ ಸಲ ಡ್ರೋನ್ ಮೆಟಲ್, ಅಂದರೆ ಒಂದೇ ಸ್ವರವನ್ನು ನಿಮಿಷಗಟ್ಟಲೆ ಎಳೆಯುವ ಭಾರೀ ಗಿಟಾರ್ ಸಂಗೀತದ ಬಗ್ಗೆ ಮಾತಾಡಿದ್ದೆ, ನೆನಪಿದೆ ಅಲ್ವಾ? ಅದನ್ನು ನೋಡಿ ಹಾವೇರಿಯ ಹುಡುಗನೊಬ್ಬ ಕೇಳಿದ್ದ. "ಅಣ್ಣಾ, ಆಂಪ್ಲಿಫೈಯರ್ ಪ್ಲಗ್ ಕಿತ್ತಿಟ್ರ ನಿಮ್ಮ ಮೆಟಲ್‌ನ್ಯಾಗ ಏನ್ ಉಳೀತೈತಿ?"

ಕಾಲೆಳೆಯೋಕೆ ಕೇಳಿದ್ದು, ಗೊತ್ತು. ಆದರೆ ಪ್ರಶ್ನೆ ಸರಿಯಾಗೇ ಚುಚ್ಚಿತು. ಯಾಕಂದರೆ ಇದಕ್ಕೆ ಉತ್ತರ ನಾನು ಕಣ್ಣಾರೆ ಕಂಡಿದ್ದೇನೆ. ಕಾಲೇಜಿನಲ್ಲಿದ್ದಾಗ ನಮ್ಮ ಬ್ಯಾಂಡು ಹುಬ್ಬಳ್ಳಿಯ ಒಂದು ಮೆಣಸಿನಕಾಯಿ ಗೋದಾಮಿನ ಹಿಂದಿನ ಕೋಣೆಯಲ್ಲಿ ಪ್ರಾಕ್ಟೀಸ್ ಮಾಡುತ್ತಿತ್ತು. ಹಾಡುವವನು ಕಿರುಚುವ ಮೊದಲೇ ಘಾಟಿಗೆ ಗಂಟಲು ಕಟ್ಟಿರುತ್ತಿತ್ತು, ಅದೊಂದು ಅನುಕೂಲ. ನಡುವೆ ಕರೆಂಟ್ ಹೋಗುತ್ತಿತ್ತು. ಆಗ ಉಳಿಯುತ್ತಿದ್ದದ್ದು ಇಷ್ಟೇ: ನಾಲ್ಕು ಜನ ಕರಿ ಟೀ ಶರ್ಟ್ ಹುಡುಗರು, ಟಿಂಗ್ ಟಿಂಗ್ ಅನ್ನುವ ಎರಡು ಗಿಟಾರು, ಸೊಳ್ಳೆ. ನರಕದ ಬಾಗಿಲು ತೆರೆಯುವ ಸಂಗೀತ ಅಂತ ನಾವು ಅಂದುಕೊಂಡಿದ್ದು ಫ್ಯೂಸ್ ಜೊತೆಗೇ ಹೋಗುತ್ತಿತ್ತು.

ಹಾಗಾದರೆ ಕರೆಂಟ್ ಇಲ್ಲದೆ, ಬರೀ ಮರ, ತಂತಿ, ಕಮಾನಿನ ಕುದುರೆ ಕೂದಲಲ್ಲಿ ಅಷ್ಟು ಕತ್ತಲೆ ಹುಟ್ಟಿಸಬಹುದಾ? ಹುಟ್ಟಿಸಬಹುದು. ನಾವು ಹುಟ್ಟುವ ಮುಂಚೆಯೇ ಹುಟ್ಟಿಸಿಟ್ಟಿದ್ದಾರೆ.

[ಸ್ಕ್ರೀನ್ ಮೇಲೆ: ಚಿಗರಿ ಬಸ್ಸಿನ ಕಿಟಕಿ]

ನಾನು ಇದನ್ನು ಮೊದಲು ಕೇಳಿದ್ದು ಚಿಗರಿ ಬಸ್ಸಿನಲ್ಲಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಅತ್ತೆ ಮನೆಗೆ ಹೊರಟಿದ್ದೆ. ಗೆಳೆಯನೊಬ್ಬ ಏನೂ ಹೇಳದೆ ಒಂದು ಫೈಲ್ ಕಳಿಸಿದ್ದ, ನವಲೂರು ಹತ್ತಿರ ಪ್ಲೇ ಒತ್ತಿದೆ. ಒತ್ತಿದ ತಕ್ಷಣ ಹೆಡ್‌ಫೋನ್ ಕಿತ್ತು ಡ್ರೈವರ್ ಕಡೆ ನೋಡಿದೆ. ಬಸ್ಸಿನ ಬ್ರೇಕ್ ಹೋಯಿತು ಅಂದುಕೊಂಡಿದ್ದೆ! ಡ್ರೈವರ್ ಆರಾಮಾಗಿದ್ದರು. ಕಿರುಚುತ್ತಿದ್ದದ್ದು ವಯೊಲಿನ್‌ಗಳು.

ಬೇಸಿಕ್ಸ್ ಬೇಗ ಮುಗಿಸುತ್ತೇನೆ. ಇದನ್ನು ಬರೆದವನು ಪೋಲೆಂಡಿನ ಸಂಗೀತ ರಚನೆಕಾರ ಕ್ಷಿಶ್ತೋಫ್ ಪೆಂಡೆರೆಟ್‌ಸ್ಕಿ. ಹುಟ್ಟಿದ್ದು 1933, ತೀರಿಕೊಂಡದ್ದು 2020. ಕೃತಿಯ ಹೆಸರು 'ಹಿರೋಷಿಮಾದಲ್ಲಿ ಬಲಿಯಾದವರಿಗೆ ಶೋಕಗೀತೆ', ಕಾಲ 1960ರ ಆಸುಪಾಸು. 24 ವಯೊಲಿನ್, 10 ವಿಯೋಲಾ, 10 ಚೆಲ್ಲೊ, 8 ಡಬಲ್ ಬೇಸ್. ಒಟ್ಟು 52 ತಂತಿವಾದ್ಯ. ಡ್ರಮ್ ಇಲ್ಲ, ತುತ್ತೂರಿ ಇಲ್ಲ, ಕರೆಂಟಂತೂ ಇಲ್ಲವೇ ಇಲ್ಲ.

ಶುರುವಿನಲ್ಲೇ ಅವನು ಕೊಡುವ ಸೂಚನೆ ಕೇಳಿ: ನಿಮ್ಮ ವಾದ್ಯದಲ್ಲಿ ಬರುವ ಅತೀ ಎತ್ತರದ ಸ್ವರ ನುಡಿಸಿ. ಯಾವ ಸ್ವರ ಅಂತ ಹೇಳುವುದೇ ಇಲ್ಲ! ಪುಟದ ಮೇಲೆ ಮಾಮೂಲಿ ತಾಳದ ಗೆರೆ ಇಲ್ಲ, ಸೆಕೆಂಡ್ ಲೆಕ್ಕ ಇದೆ. ಸ್ವರಗಳ ಜಾಗದಲ್ಲಿ ದಪ್ಪ ಕಪ್ಪು ಪಟ್ಟಿಗಳು, ಡಾಂಬರು ಹಾಕಿದ ಹಾಗೆ. ವಾದ್ಯದ ಮೈಯನ್ನು ತಟ್ಟಬೇಕು, ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಜ್‌ನ ಆಚೆ ಬದಿ ಯಾರೂ ಮುಟ್ಟದ ತಂತಿಯನ್ನು ಉಜ್ಜಬೇಕು.

ಇಲ್ಲಿ ಒಂದು ವಿಷಯ ನನಗೆ ಇವತ್ತಿಗೂ ಕಿರಿಕಿರಿ. ಈ ಕೃತಿಗೆ ಮೊದಲು ಆ ಹೆಸರೇ ಇರಲಿಲ್ಲ. '8 ನಿಮಿಷ 37 ಸೆಕೆಂಡ್' ಅಂತಷ್ಟೇ ಇತ್ತು. ಹಿರೋಷಿಮಾ ಆಮೇಲೆ ಬಂತು. ಅಂದರೆ ನಾನು ಬಸ್ಸಿನಲ್ಲಿ ಕಣ್ಣೀರು ತುಂಬಿಕೊಂಡಿದ್ದು ಸ್ವರಕ್ಕೋ, ಹೆಸರಿಗೋ? ನಮ್ಮ ಮೆಟಲ್‌ನವರು ಕವರ್ ಮೇಲೆ ತಲೆಬುರುಡೆ ಹಾಕಿ ಅರ್ಧ ಕೆಲಸ ಮುಗಿಸುತ್ತಾರಲ್ಲ, ಇದೂ ಹಾಗೇ ಸ್ವಲ್ಪ. ಕೃತಿ ದೊಡ್ಡದೇ, ಅದರಲ್ಲಿ ಅನುಮಾನ ಇಲ್ಲ. ಆದರೂ ಹೇಳಬೇಕೆನಿಸಿತು.

[ಕಟ್. ಅತ್ತೆ ಮನೆಯ ಪಡಸಾಲೆ. ಅತ್ತೆಯ ಮುಖ ಬೇಡ ಅಂದಿದ್ದಾರೆ, ಕೈ ಮತ್ತು ತಂಬೂರಿ ಮಾತ್ರ.]

ಅತ್ತೆ ಧಾರವಾಡದಲ್ಲಿ ಮಕ್ಕಳಿಗೆ ಹಿಂದೂಸ್ತಾನಿ ಹೇಳಿಕೊಡುತ್ತಾರೆ. ಈ ಕಡೆ ಇದೇನು ಹೊಸದಲ್ಲ ಬಿಡಿ, ಕುಂದಗೋಳದ ಸವಾಯಿ ಗಂಧರ್ವರು, ಗಂಗೂಬಾಯಿ ಹಾನಗಲ್, ಮನ್ಸೂರರು ಓಡಾಡಿದ ಊರುಗಳು. ಬಾಗಿಲಲ್ಲಿ ನನ್ನ ಗಡ್ಡ, ಕರಿ ಅಂಗಿ ನೋಡಿ "ಯಾಕೋ, ಅಯ್ಯಪ್ಪ ಮಾಲಿ ಹಾಕೊಂಡೀ ಏನು?" ಅಂದರು. ಪ್ರತಿ ಸಲ ಇದೇ ಜೋಕು. ನಾನು ಸುಮ್ನೆ ಫೋನನ್ನು ಸ್ಪೀಕರ್‌ಗೆ ಹಚ್ಚಿ ಶೋಕಗೀತೆ ಹಾಕಿದೆ.

ಅವರು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಎರಡು ನಿಮಿಷ ಕೇಳಿದರು. ಆಮೇಲೆ ಕೈ ನಿಂತಿತು.

"ಐವತ್ತೆರಡು ಮಂದಿ ಕುಂತಾರಂತಿ. ಒಬ್ಬರರ ಶ್ರುತಿ ಹಚ್ಚೂದು ಬ್ಯಾಡೇನು?"

ನಾನು ನಕ್ಕೆ. ಆದರೆ ಇಡೀ ಗುಟ್ಟು ಇರುವುದೇ ಅಲ್ಲಿ. ಶ್ರುತಿ ತಪ್ಪಿದ್ದಲ್ಲ, ತಪ್ಪಿಸಿದ್ದು. ಪಕ್ಕಪಕ್ಕದ ಸ್ವರಗಳನ್ನು, ಅವುಗಳ ನಡುವಿನ ಕಾಲು ಸ್ವರಗಳನ್ನೂ ಬಿಡದೆ, ಒಟ್ಟಿಗೇ ಅಮುಕಿ ಹಿಡಿಯುವುದು. ಇದಕ್ಕೆ ಕ್ಲಸ್ಟರ್ ಅನ್ನುತ್ತಾರೆ. ಕೊನೆಯಲ್ಲಿ ಎಲ್ಲ 52 ವಾದ್ಯಗಳೂ ಒಂದೇ ಕ್ಲಸ್ಟರ್ ಹಿಡಿದು, ಕಿವಿ ಹರಿಯುವಷ್ಟು ಜೋರಿನಿಂದ ಉಸಿರಿನಷ್ಟು ಸಣ್ಣದಕ್ಕೆ ಇಳಿಸುತ್ತಾ ಹೋಗುತ್ತವೆ.

ಇದು ಯಾಕೆ ಎದೆಗೆ ಒತ್ತುತ್ತದೆ? ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಎಡಿಟರ್ ಬೈದರೂ ಪರವಾಗಿಲ್ಲ. ಎಡಿಟರ್ ನಾನೇ.

ನಮ್ಮ ಮನೆ ರೈಲ್ವೆ ಲೈನಿನ ಹತ್ತಿರ. ಚಿಕ್ಕವನಿದ್ದಾಗ ರಾತ್ರಿ ಎರಡು ಡೀಸೆಲ್ ಇಂಜಿನ್ ಅಕ್ಕಪಕ್ಕ ನಿಂತು ಗುರುಗುಡುತ್ತಿದ್ದವು. ಒಂದೇ ಇದ್ದರೆ ಬರೀ 'ಗುರ್ರ್'. ಎರಡಾದರೆ ಆ ಗುರ್ರ್ ಉಯ್ಯಾಲೆ ಆಡುತ್ತಿತ್ತು. ವ್ಹಂವ್... ವ್ಹಂವ್... ವ್ಹಂವ್. ಹಾಸಿಗೆಯಲ್ಲಿ ಮಲಗಿ ಅದನ್ನು ಎಣಿಸುತ್ತಾ ನಿದ್ದೆ ಹೋಗುತ್ತಿದ್ದೆ. ಆ ಉಯ್ಯಾಲೆಯ ಹೆಸರು ಬೀಟ್ಸ್.

[ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್. ಹೆಡ್‌ಫೋನ್ ಹಾಕಿಕೊಳ್ಳಿ ಅಂತ ಸ್ಕ್ರೀನ್ ಮೇಲೆ.]

ಇದು 220 ಹರ್ಟ್ಜ್, ಅಂದರೆ ಸೆಕೆಂಡಿಗೆ 220 ಕಂಪನ. ಅದರ ಜೊತೆ 221. ಸೆಕೆಂಡಿಗೆ ಒಂದು ಸಲ ತೂಗುತ್ತಿದೆ. ಈಗ 224, ನಾಲ್ಕು ಸಲ. ಲೆಕ್ಕ ಸುಲಭ, ದೊಡ್ಡದರಲ್ಲಿ ಚಿಕ್ಕದು ಕಳೆಯಿರಿ. ಈಗ 250 ಮಾಡುತ್ತೇನೆ. ಸೆಕೆಂಡಿಗೆ 30. ಎಣಿಸೋಕೆ ಆಗಲ್ಲ ಅಲ್ವಾ? ಕಿವಿ ಎಣಿಸುವುದನ್ನು ಬಿಟ್ಟು 'ಗರಗರ' ಅಂತ ಒಂದು ಒರಟುತನ ಕೇಳಿಸಿಕೊಳ್ಳುತ್ತದೆ. ಇದು ಬರೀ ಎರಡು ಸ್ವರ. ಇನ್ನು 52 ಸ್ವರ ಒತ್ತೊತ್ತಾಗಿ ಇದ್ದರೆ ಪ್ರತಿಯೊಂದೂ ಉಳಿದ 51ರ ಜೊತೆ ಜಗಳ. ಮೊತ್ತ 1326 ಜೋಡಿ, ನಾನು ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ನೋಡಿದೆ. ಗಿಟಾರ್ ದನಿಯನ್ನು ಬೇಕಂತಲೇ ಒಡಕು ಮಾಡುವ ಡಿಸ್ಟಾರ್ಷನ್ ಪೆಡಲ್ ತುಳಿದು ನಾವು ತರಿಸುವ ಒರಟುತನಕ್ಕೆ ಇವರು ಇಟ್ಟ ದಾರಿ ಇದು.

ಪೆಡಲ್ ಅಂದೆನಲ್ಲ, ಈ ವಿಡಿಯೋ ಮಾಡಿದ್ದೇ ಮುಂದಿನ ಮಾತಿಗೆ. ಡಿಸ್ಟಾರ್ಷನ್ ಹಾಕಿದ ಗಿಟಾರ್ ಬರೀ ಜೋರಾಗುವುದಿಲ್ಲ. ನೀವು ನುಡಿಸದೇ ಇರುವ ಸ್ವರಗಳನ್ನೂ ಹುಟ್ಟಿಸುತ್ತದೆ. ನೀವು ಕೊಟ್ಟ ಎರಡು ಸ್ವರಗಳ ಮೊತ್ತ, ವ್ಯತ್ಯಾಸ, ಎಲ್ಲ ಒಳಗೆ ಸೇರುತ್ತವೆ. ಗಿಟಾರಿನ ದಪ್ಪ ತಂತಿ ಸುಮಾರು 82 ಹರ್ಟ್ಜ್. ಅದನ್ನು ಸಾ ಅಂದುಕೊಳ್ಳಿ. ಅದರ ಪ ಸುಮಾರು 123. ಎರಡನ್ನೂ ಒಟ್ಟಿಗೆ ಬಾರಿಸಿದರೆ ಪವರ್ ಕಾರ್ಡ್, ಮೆಟಲ್‌ನ ಅನ್ನ ಸಾರು. ಈಗ ಕಳೆಯಿರಿ. 123ರಲ್ಲಿ 82 ಹೋದರೆ 41. ಅಂದರೆ ಕೆಳಗಿನ ಸಪ್ತಕದ ಸಾ! ಗಿಟಾರಿನಲ್ಲಿ ಆ ತಂತಿಯೇ ಇಲ್ಲ. ಇಲ್ಲದ ತಂತಿಯನ್ನು ಪೆಡಲ್ ಹುಟ್ಟಿಸಿಕೊಡುತ್ತದೆ.

ಆ 41 ಹರ್ಟ್ಜ್ ಯಾವುದು ಗೊತ್ತಾ? ಡಬಲ್ ಬೇಸ್‌ನ ಕೆಳಗಿನ ತಂತಿ. ಆರ್ಕೆಸ್ಟ್ರಾದ ಹಿಂದೆ ನಿಂತುಕೊಂಡು ನುಡಿಸುತ್ತಾರಲ್ಲ, ಆಳೆತ್ತರದ ವಾದ್ಯ, ಅದು. ನಾವು ಗೋದಾಮಿನಲ್ಲಿ ಸಾಲ ಮಾಡಿ ತಂದ ಪೆಡಲ್‌ನಿಂದ ಕಷ್ಟಪಟ್ಟು ಎಬ್ಬಿಸುತ್ತಿದ್ದ ದೆವ್ವ ಇವರ ಕಡೆ ಸಂಬಳಕ್ಕೆ ಕೆಲಸ ಮಾಡುತ್ತಿತ್ತು.

[ತಂಬೂರಿಯ ಕುದುರೆಯ (ಬ್ರಿಜ್) ಕ್ಲೋಸಪ್. ತಂತಿಯ ಕೆಳಗೆ ಬಿಳಿ ದಾರ.]

ಇದನ್ನು ಅತ್ತೆಗೆ ಹೇಳಿದೆ. ಅವರು ತಂಬೂರಿಯ ಎರಡು ಜೋಡು ತಂತಿಗಳಲ್ಲಿ ಒಂದರ ಮಣಿಯನ್ನು ಒಂದಿಷ್ಟೇ ಇಷ್ಟು ಸರಿಸಿ ಮೀಟಿದರು. ವ್ಹಂವ್, ವ್ಹಂವ್. ರೈಲು ಇಂಜಿನ್! ಮತ್ತೆ ಮಣಿ ಸರಿಸಿದರು, ಉಯ್ಯಾಲೆ ನಿಧಾನ ಆಗಿ ನಿಂತಿತು. "ಇದು ನಿಂತಾಗ ಶ್ರುತಿ ಕೂಡ್ತು ಅಂತ. ನಿಮ್ಮ ಪೋಲೆಂಡಿನಾಂವ ನಿಲ್ಲಸೂದೇ ಬ್ಯಾಡ ಅಂದಾನ, ಅಷ್ಟ." ಆಮೇಲೆ ಆ ದಾರ ತೋರಿಸಿದರು. ದಾರದ ಜಾಗ ಸರಿಯಾದರೆ ತಂತಿಯಲ್ಲಿ ಜೇನು ಗುಂಯ್‌ಗುಟ್ಟಿದ ಹಾಗೆ ಒಂದು ಝೇಂಕಾರ ಬರುತ್ತದೆ, ಅದಕ್ಕೆ ಜವಾರಿ ಅನ್ನುತ್ತಾರೆ. ನಮ್ಮ ಕಡೆ ಜವಾರಿ ಅಂದರೆ ನಾಟಿ ಅಂತಲೂ ಅರ್ಥ. ಜವಾರಿ ಕೋಳಿ, ಜವಾರಿ ಬದನೆಕಾಯಿ, ಜವಾರಿ ಡಿಸ್ಟಾರ್ಷನ್.

ಇನ್ನೊಂದು ಹಳೇ ಸಂಬಂಧ ಇದೆ. ಹೆವಿ ಮೆಟಲ್ ಶುರುವಾದದ್ದು 1970ರ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್‌ನಿಂದ ಅಂತ ಬಹಳ ಜನ ಹೇಳುತ್ತಾರೆ. ಅದರ ಮೊದಲ ಹಾಡಿನ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ಎಳೆ, ಮೂರೇ ಸ್ವರ: ಸಾ, ಮೇಲಿನ ಸಾ, ತೀವ್ರ ಮ. ಆ ರಿಫ್ ಬಂದದ್ದು ಹೇಗೆ? ಬೇಸ್ ನುಡಿಸುವ ಗೀಜರ್ ಬಟ್ಲರ್ ಗುಸ್ತಾವ್ ಹೋಲ್ಸ್ಟ್‌ನ 'ಮಂಗಳ' ಅನ್ನುವ ಆರ್ಕೆಸ್ಟ್ರಾ ಕೃತಿಯನ್ನು ಬೇಸ್ ಮೇಲೆ ಬಾರಿಸಿ ನೋಡುತ್ತಿದ್ದ, ಅದರ ಎಳೆ ಹಿಡಿದು ಟೋನಿ ಅಯೋಮಿ ಇದನ್ನು ಕಟ್ಟಿದ. ಅಂದರೆ ನಾವು ಮೆಟಲ್‌ನವರು ಜಗಳ ಮಾಡಿ ಬಿಟ್ಟು ಬಂದ ಮನೆ ಈ ಆರ್ಕೆಸ್ಟ್ರಾನೇ!

ತೀವ್ರ ಮ ಅಂದ ಕೂಡಲೇ ಅತ್ತೆ ಮಾರವಾ ಗುನುಗಿದರು. ಹೊತ್ತು ಮುಳುಗುವಾಗಿನ ರಾಗ. ಇದರಲ್ಲಿ ಪ ಇಲ್ಲವೇ ಇಲ್ಲ. ರಿ ಕೋಮಲ, ಮ ತೀವ್ರ. ಸಾ ಇದೆ, ಆದರೆ ಬೇಗ ಕೊಡುವುದಿಲ್ಲ. ಅದರ ಸುತ್ತ ಸುತ್ತಿ ಸುತ್ತಿ ಸತಾಯಿಸುತ್ತಾರೆ. ಮನೆ ದೀಪ ಕಾಣುತ್ತಿದೆ, ಬಾಗಿಲು ಮಾತ್ರ ಸಿಗುತ್ತಿಲ್ಲ. ನನ್ನ ಪ್ರಕಾರ ಕತ್ತಲೆಗೆ ಬೇಕಾದದ್ದು ಇಷ್ಟೇ, ಜೋರು ಬೇಕಾಗಿಯೇ ಇಲ್ಲ. 'ಡಾರ್ಕ್' ಅಂತ ಹೆಸರಿಟ್ಟ ಎಷ್ಟೋ ಪ್ಲೇಲಿಸ್ಟ್‌ಗಳಲ್ಲಿ ಒಂದು ಪಿಯಾನೋ, ಬಾವಿಯಷ್ಟು ಎಕೋ. ಪ್ರತಿ ನಾಲ್ಕು ಸೆಕೆಂಡಿಗೆ ಸಾ ಕೈಗೆ ಕೊಟ್ಟುಬಿಡುತ್ತಾರೆ. ಅದೇನು ಕತ್ತಲೆ, ಬೆಡ್ ಲ್ಯಾಂಪು.

[ಕೆಳಗೆ ಸಮಯ ಓಡುತ್ತಿದೆ.]

ಅಯ್ಯೋ, ಜಾಸ್ತಿ ಆಯ್ತು. ಉಳಿದದ್ದು ಓಡುತ್ತಾ ಹೇಳುತ್ತೇನೆ. ಪೆಂಡೆರೆಟ್‌ಸ್ಕಿಯದೇ 'ಪಾಲಿಮಾರ್ಫಿಯಾ', 1961, 48 ತಂತಿವಾದ್ಯ. ಪೂರ್ತಿ ಭಯ. ಕೊನೆಯಲ್ಲಿ ಇದ್ದಕ್ಕಿದ್ದಂತೆ ಶುದ್ಧವಾದ ಸಿ ಮೇಜರ್ ಕಾರ್ಡ್! ಹಾರರ್ ಸಿನಿಮಾ ಮುಗಿದು ಯಾರೋ ಪೇಡಾ ಕೊಟ್ಟ ಹಾಗೆ. ಹಂಗೇರಿ ಮೂಲದ ರಚನೆಕಾರ ಲಿಗೆಟಿಯ 'ಅಟ್ಮಾಸ್ಫಿಯರ್ಸ್', ಅದೂ 1961. ರಾಗ ಇಲ್ಲ, ತಾಳ ಇಲ್ಲ, ನೂರು ಎಳೆ ಒಟ್ಟಿಗೆ ಹೆಣೆದು ಒಂದೂ ಬಿಡಿಯಾಗಿ ಕೇಳದ ಹಾಗೆ ಮಾಡಿದ್ದಾನೆ. ಸಂಜೆ ದುರ್ಗದ ಬೈಲಿನಲ್ಲಿ ಒಬ್ಬೊಬ್ಬರೂ ತಮ್ಮ ರೇಟು ಕೂಗುತ್ತಾರೆ, ದೂರದಿಂದ ಕೇಳಿದರೆ ಒಂದೇ ಗುಂಯ್ ಅನ್ನುತ್ತದಲ್ಲ, ಆ ಥರ. ಯಾನಿಸ್ ಕ್ಸೆನಾಕಿಸ್, ಗ್ರೀಸ್‌ನವನು, ಯುದ್ಧದ ಕಾಲದಲ್ಲಿ ಒಂದು ಕಣ್ಣು ಕಳೆದುಕೊಂಡವನು. ಚಂಡೀಗಢದ ನಕ್ಷೆ ಮಾಡಿದ ಲ ಕಾರ್ಬುಸಿಯೆ ಹತ್ತಿರ ಕೆಲಸಕ್ಕಿದ್ದ. ಅವನ 'ಮೆಟಾಸ್ಟಾಸಿಸ್'ನಲ್ಲಿ ತಂತಿವಾದ್ಯಗಳೆಲ್ಲ ಬೇರೆ ಬೇರೆ ವೇಗದಲ್ಲಿ ಮೀಂಡ್ ಎಳೆಯುತ್ತವೆ, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತವೆ. ಆ ಗೆರೆಗಳ ವಿಚಾರವನ್ನೇ 1958ರಲ್ಲಿ ಬ್ರಸೆಲ್ಸ್‌ನ ಒಂದು ಕಟ್ಟಡಕ್ಕೂ ಬಳಸಿದ. ಇಟಲಿಯ ಶೆಲ್ಸಿ, 1959, ನಾಲ್ಕು ತುಣುಕು, ಒಂದೊಂದಕ್ಕೂ ಒಂದೇ ಸ್ವರ. ಅತ್ತೆಗೆ ಇವನು ತಕ್ಷಣ ಹಿಡಿಸಿದ. "ಇಂವಾ ನಮ್ಮಾಂವ" ಅಂದರು.

ಕೊನೆಯದು ಈಗಿನವರು, ಐಸ್‌ಲ್ಯಾಂಡಿನ ಆನ್ನಾ ಥೋರ್ವಲ್ಡ್ಸ್‌ಡೋಟಿರ್, 1977ರಲ್ಲಿ ಹುಟ್ಟಿದವರು. 'ಮೆಟಾಕಾಸ್ಮೋಸ್' ಅಂತ ಹುಡುಕಿ. 2018ರಲ್ಲಿ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಮೊದಲು ನುಡಿಸಿತು. ಡೂಮ್, ಅಂದರೆ ನಿಧಾನವಾದ ಭಾರೀ ಮೆಟಲ್ ಕೇಳುವವರು ಶುರು ಮಾಡಬೇಕಾದದ್ದು ಇಲ್ಲಿಂದ, ಪೆಂಡೆರೆಟ್‌ಸ್ಕಿಯಿಂದಲ್ಲ. ಫೋನ್ ಸ್ಪೀಕರ್‌ನಲ್ಲಿ ಮಾತ್ರ ಬೇಡ. ಆಗಲೇ ಹೇಳಿದ 41 ಹರ್ಟ್ಜ್ ಅದರಲ್ಲಿ ಬರುವುದೇ ಇಲ್ಲ, ಅರ್ಧ ಆರ್ಕೆಸ್ಟ್ರಾ ಜೇಬಲ್ಲೇ ಉಳಿಯುತ್ತದೆ.

ಇವರು ನುಡಿಸುವವರಿಗೆ ಸ್ವರಲಿಪಿಯಲ್ಲಿ ಒಂದು ಮಾತು ಬರೆಯುತ್ತಾರೆ. ಉದ್ದನೆಯ ಸ್ವರ ಕಂಡರೆ ಅದನ್ನು ನಾಜೂಕಾದ ಹೂವು ಅಂದುಕೊಳ್ಳಿ, ಅದನ್ನು ಕೈಯಲ್ಲಿ ಹಿಡಿದು ತೆಳ್ಳನೆ ಹಗ್ಗದ ಮೇಲೆ ನಡೆಯಬೇಕು, ಹೂ ಬೀಳಬಾರದು, ನೀವೂ ಬೀಳಬಾರದು. ಹೆಚ್ಚುಕಡಿಮೆ ಹೀಗೆ. ಇದನ್ನು ಕನ್ನಡದಲ್ಲಿ ಓದಿ ಹೇಳಿದಾಗ ಅತ್ತೆ ಬೆಳ್ಳುಳ್ಳಿ ತಟ್ಟೆ ಪಕ್ಕಕ್ಕೆ ಇಟ್ಟರು. ಅವತ್ತು ಸಂಜೆ ಪಾಠಕ್ಕೆ ಬಂದ ಹುಡುಗಿ ಸಾ ಹಿಡಿದು ಉಸಿರು ಸಾಲದೆ ನಡುಗಿಸಿದಾಗ, "ಹಗ್ಗದ ಮ್ಯಾಲೆ ಇದ್ದೀ, ಹೂ ಬಿತ್ತು ನೋಡು" ಅಂದದ್ದು ನನಗೆ ಅಡುಗೆಮನೆವರೆಗೂ ಕೇಳಿಸಿತು.

ಮರುದಿನ ಬೆಳಿಗ್ಗೆ ವಾಟ್ಸಾಪ್. ಗುಲಾಬಿ ಹೂವಿನ ಶುಭೋದಯ, ಅದರ ಕೆಳಗೆ ಒಂದು ವಾಯ್ಸ್ ನೋಟ್: "ಆ ಐಸ್‌ಲ್ಯಾಂಡಿನಾಕಿದು ಕಳಸೋ. ಆ ಬ್ರೇಕ್ ಹೋದ ಬಸ್ಸಿಂದು ಬ್ಯಾಡ."